ಆಟ ಕರೆಯುವವರಿಗಾಗಿ ಒಂದು ಆ್ಯಪ್: ವಿನ್ಯಾಸದ ನನ್ನ ಅನುಭವ

ಮೈಸೂರಿನ ಕುವೆಂಪುನಗರದ ಸುತ್ತಮುತ್ತ ಭಾನುವಾರ ಬೆಳಿಗ್ಗೆ ವಾಲಿಬಾಲ್, ವಾರದಲ್ಲಿ ಮೂರು ಸಂಜೆ ಶಟಲ್ ಆಡುವ ಗುಂಪಿನಲ್ಲಿ ನಾನು ಹಲವು ವರ್ಷಗಳಿಂದ ಇದ್ದೇನೆ. ನನ್ನ ವೃತ್ತಿ ಮೊಬೈಲ್ ಆ್ಯಪ್‌ಗಳ ವಿನ್ಯಾಸ. ಜನರಿದ್ದರೂ ಆಟ ಕೂಡದೆ, ಬಂದ ಏಳೆಂಟು ಮಂದಿ ನೆಟ್ ಕಟ್ಟಿ ಕಾದು ಮನೆಗೆ ಮರಳಿದ ಭಾನುವಾರಗಳು ಹೆಚ್ಚಾದಾಗ, ಬಡಾವಣೆಯ ಆಟಗಳನ್ನು ಕೂಡಿಸಲು ನೆರವಾಗುವ ಆ್ಯಪ್ ಒಂದನ್ನು ರೂಪಿಸಬೇಕೆಂದು ನಿರ್ಧರಿಸಿದೆ.

ನಾನು ಮೊದಲು ಬರೆದ ಚಿತ್ರಗಳೆಲ್ಲ ತಪ್ಪಾಗಿದ್ದವು. ಆಟಗಾರರಿಗೆ ಆಟಗಾರರು ಸಿಗುತ್ತಿಲ್ಲ ಎಂಬುದೇ ತೊಂದರೆಯೆಂದು ಭಾವಿಸಿ, ನಕ್ಷೆಯ ಮೇಲೆ ಹತ್ತಿರದ ಆಟಗಳನ್ನು ತೋರಿಸುವ, ಅಪರಿಚಿತರು ಬಂದು ಸೇರಿಕೊಳ್ಳಬಹುದಾದ ಪರದೆಯನ್ನು ಎರಡು ವಾರ ಕುಳಿತು ತಯಾರಿಸಿದ್ದೆ. ಆಮೇಲೆ ನಮ್ಮ ಗುಂಪಿನ ಜೊತೆಗೆ, ಟೆನಿಸ್ ಬಾಲ್ ಕ್ರಿಕೆಟ್ ಆಡುವ ಹುಡುಗರು, ಥ್ರೋಬಾಲ್ ಆಡುವ ಮಹಿಳೆಯರು ಮತ್ತು ಬಾಡಿಗೆ ಕೋರ್ಟಿನಲ್ಲಿ ಶಟಲ್ ಆಡುವ ಇನ್ನೊಂದು ಗುಂಪಿನವರ ಪಕ್ಕದಲ್ಲಿ ಕುಳಿತು, ಅವರು ಆಟವನ್ನು ಹೇಗೆ ಕೂಡಿಸುತ್ತಾರೆಂದು ನೋಡಿದೆ. ಯಾವ ಗುಂಪಿನಲ್ಲೂ ಜನರ ಕೊರತೆ ಇರಲಿಲ್ಲ. ಎಲ್ಲ ಕಡೆಯೂ ಒಬ್ಬರೇ ಒಬ್ಬರು, ಶನಿವಾರ ರಾತ್ರಿ ಊಟ ಮುಗಿಸಿ ವಾಟ್ಸ್ಆ್ಯಪ್ ಗುಂಪಿನಲ್ಲಿ ಸಂದೇಶ ಹಾಕಿ, ಶುಭಾಶಯ ಮತ್ತು ಫಾರ್ವರ್ಡ್‌ಗಳ ನಡುವೆ ಹುದುಗಿದ ಉತ್ತರಗಳನ್ನು ಹೆಕ್ಕಿ ಬೆರಳಿನಲ್ಲಿ ಎಣಿಸುತ್ತಿದ್ದರು. ಅವರಿಗೆ ಬರುತ್ತಿದ್ದ ಪ್ರಶ್ನೆಯೂ ಒಂದೇ: 'ಎಷ್ಟು ಜನ ಆದ್ರು ಸರ್?' ಆ ವ್ಯಕ್ತಿ ದಣಿದ ವಾರ ಆಟ ನಿಲ್ಲುತ್ತಿತ್ತು. ನಾನು ವಿನ್ಯಾಸ ಮಾಡಬೇಕಾದದ್ದು ಆಟಗಾರರಿಗಲ್ಲ, ಆಟ ಕರೆಯುವ ಆ ಒಬ್ಬರಿಗೆ ಎಂಬುದು ಅಲ್ಲಿ ಸ್ಪಷ್ಟವಾಯಿತು. ನಕ್ಷೆಯ ಪರದೆಯನ್ನು ಪೂರ್ತಿಯಾಗಿ ಕೈಬಿಟ್ಟೆ.

ಎರಡನೆಯ ಪಾಠ ಉತ್ತರಗಳ ಬಗೆಗಿನದು. ನಮ್ಮಲ್ಲಿ ಪರಿಚಯದವರು ಕರೆದಾಗ 'ಬರುವುದಿಲ್ಲ' ಎಂದು ನೇರವಾಗಿ ಹೇಳುವುದು ಕಷ್ಟ. 'ನೋಡೋಣ' ಎನ್ನುತ್ತೇವೆ, ಕೇಳಿದವರೂ ಅದನ್ನು ತಮ್ಮ ಅಂದಾಜಿನಂತೆ ಅರ್ಥ ಮಾಡಿಕೊಳ್ಳುತ್ತಾರೆ. ನಾನು 'ಬರುತ್ತೇನೆ', 'ಬರುವುದಿಲ್ಲ', 'ನೋಡೋಣ' ಎಂಬ ಮೂರು ಗುಂಡಿಗಳನ್ನು ಇಟ್ಟಾಗ ಅರ್ಧದಷ್ಟು ಉತ್ತರ ಮೂರನೆಯದಕ್ಕೇ ಬಿತ್ತು, ಎಣಿಕೆ ಮೊದಲಿನಷ್ಟೇ ಅನಿಶ್ಚಿತವಾಯಿತು. ಮೂರನೆಯ ಗುಂಡಿಯನ್ನು ತೆಗೆದರೆ ಜನ ಉತ್ತರವನ್ನೇ ಕೊಡಲಿಲ್ಲ. ಕೊನೆಗೆ 'ನೋಡೋಣ' ಎಂಬುದನ್ನು ಉಳಿಸಿಕೊಂಡೇ ಅದಕ್ಕೊಂದು ಗಡುವು ಕಟ್ಟಿದೆ: ಬೆಳಿಗ್ಗೆ 6 ಗಂಟೆಯ ಆಟವಾದರೆ ಹಿಂದಿನ ರಾತ್ರಿ 9 ಗಂಟೆಗೆ ಆ ವ್ಯಕ್ತಿಗೆ ಮಾತ್ರ ಒಂದು ನೆನಪಿನ ಸಂದೇಶ ಹೋಗುತ್ತದೆ, 10 ಗಂಟೆಯೊಳಗೆ ಖಚಿತಪಡಿಸದಿದ್ದರೆ ಆ ಜಾಗ ಕಾಯುತ್ತಿರುವವರಿಗೆ ತಾನಾಗಿ ಹೋಗುತ್ತದೆ. ಯಾರೂ ಯಾರಿಗೂ ಇಲ್ಲವೆನ್ನಬೇಕಾಗಿಲ್ಲ, ಆದರೂ ರಾತ್ರಿ 10ಕ್ಕೆ ಲೆಕ್ಕ ಖಚಿತವಾಗಿರುತ್ತದೆ. ಇಡೀ ಆ್ಯಪ್‌ನಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟ ನಿರ್ಧಾರ ಇದು.

ಎಲ್ಲರ ಫೋನಿನಲ್ಲೂ ಆ್ಯಪ್ ಇರಬೇಕೆಂಬ ಹಟವನ್ನೂ ಬಿಟ್ಟೆ. ಆಟ ಕರೆಯುವವರು ಮಾತ್ರ ಆ್ಯಪ್ ಹಾಕಿಕೊಂಡರೆ ಸಾಕು. ಉಳಿದವರಿಗೆ ವಾಟ್ಸ್ಆ್ಯಪ್‌ನಲ್ಲಿ ಒಂದು ಕೊಂಡಿ ಬರುತ್ತದೆ, ಒತ್ತಿದರೆ ಬ್ರೌಸರ್‌ನಲ್ಲಿ ಒಂದೇ ಪುಟ ತೆರೆಯುತ್ತದೆ, ಅಲ್ಲಿಯೇ ಉತ್ತರ ಕೊಡಬಹುದು. ಮೊದಲ ಸಲ ಹೆಸರನ್ನು ಕೇಳುತ್ತದೆಯೇ ಹೊರತು ಒಟಿಪಿ ಕೇಳುವುದಿಲ್ಲ. ಫೋನಿನಲ್ಲಿ ಜಾಗವಿಲ್ಲದ, ಹೊಸ ಆ್ಯಪ್ ಎಂದರೆ ಮಕ್ಕಳನ್ನು ಕೇಳಬೇಕಾದ ಹಿರಿಯ ಆಟಗಾರರು ಈ ಬದಲಾವಣೆಯ ನಂತರವೇ ಉತ್ತರಿಸಲು ಆರಂಭಿಸಿದರು.

ಎಷ್ಟು ಜನ ಬೇಕು ಎಂಬುದಕ್ಕೆ ಒಂದೇ ಸಂಖ್ಯೆಯನ್ನು ಕೇಳಿದ್ದು ಇನ್ನೊಂದು ತಪ್ಪು. ವಾಲಿಬಾಲ್‌ಗೆ ಕಡೆಗೆ ಆರರಂತೆ 12 ಮಂದಿ ಎಂಬುದು ನಿಯಮದ ಮಾತು. ನಮ್ಮ ಮೈದಾನದಲ್ಲಿ 10 ಮಂದಿಯಾದರೂ ಆಡುತ್ತೇವೆ, 14 ಮಂದಿಯಾದರೆ ಇಬ್ಬರನ್ನು ಸರದಿಯಂತೆ ಹೊರಗೆ ಕೂರಿಸುತ್ತೇವೆ. ಹಾಗಾಗಿ ಕನಿಷ್ಠ ಮತ್ತು ಗರಿಷ್ಠ ಎಂಬ ಎರಡು ಸಂಖ್ಯೆಗಳು ಬಂದವು, ಪರದೆಯ ಮೇಲೆ ಮೊದಲಿಗೆ ಕಾಣುವ ವಾಕ್ಯವೂ ಅದನ್ನೇ ಹೇಳುತ್ತದೆ: 'ಆಟ ಆಗಲು ಇನ್ನೂ 2 ಜನ ಬೇಕು', ಕನಿಷ್ಠ ತುಂಬಿದ ಮೇಲೆ 'ಆಟ ಖಚಿತ, ಇನ್ನೂ 3 ಜನ ಬರಬಹುದು'. ಕೊನೆಯ ಜಾಗವನ್ನು ಇಬ್ಬರು ಒಂದೇ ಕ್ಷಣದಲ್ಲಿ ಒತ್ತಿದರೆ ಇಬ್ಬರಿಗೂ 'ಬನ್ನಿ' ಎಂದು ಹೇಳಿಬಿಡುವ ದೋಷ ಆರಂಭದಲ್ಲಿತ್ತು. ಜಾಗದ ಲೆಕ್ಕವನ್ನು ಫೋನಿನಲ್ಲಿ ಮಾಡದೆ ಸರ್ವರ್‌ನಲ್ಲಿ ಒಂದಾದ ಮೇಲೊಂದರಂತೆ ಮಾಡಿಸಿ ಅದನ್ನು ಸರಿಪಡಿಸಬೇಕಾಯಿತು.

ಒಂದು ತಪ್ಪನ್ನು ಮಾತ್ರ ವಿವರವಾಗಿ ಹೇಳಲೇಬೇಕು, ಏಕೆಂದರೆ ಅದರಿಂದ ಒಬ್ಬರಿಗೆ ನೋವಾಯಿತು. ಬರುತ್ತೇನೆಂದು ಹೇಳಿ ಬಾರದವರಿಂದ ಆಟ ಕೆಡುತ್ತಿತ್ತು. ಅದಕ್ಕೆ ಪರಿಹಾರವೆಂದು ಪ್ರತಿಯೊಬ್ಬರ ಹೆಸರಿನ ಮುಂದೆ ಎಷ್ಟು ಸಲ ಮಾತು ತಪ್ಪಿದರೆಂಬ ಸಂಖ್ಯೆಯನ್ನು ಎಲ್ಲರಿಗೂ ಕಾಣುವಂತೆ ಇಟ್ಟೆ. ನಮ್ಮ ಗುಂಪಿನ ಹಿರಿಯರೊಬ್ಬರು ಪತ್ನಿಯ ಅನಾರೋಗ್ಯದಿಂದಾಗಿ ಸತತ ಮೂರು ವಾರ ಕೊನೆಯ ಗಳಿಗೆಯಲ್ಲಿ ಬರಲಾಗದೆ ಉಳಿದರು. ಅವರ ಹೆಸರಿನ ಮುಂದೆ ಕೆಂಪು ಬಣ್ಣದಲ್ಲಿ 3 ಎಂದಿತ್ತು. ಅವರು ಏನನ್ನೂ ಹೇಳದೆ ಗುಂಪಿನಿಂದ ಹೊರಗೆ ಹೋದರು. ವಿಷಯ ತಿಳಿದು ನಾನು ಮನೆಗೆ ಹೋಗಿ ಕ್ಷಮೆ ಕೇಳಿದಾಗ, 'ಬಿಡಪ್ಪ, ಲೆಕ್ಕ ಸುಳ್ಳೇನಲ್ವಲ್ಲ' ಎಂದಷ್ಟೇ ಅಂದರು. ಲೆಕ್ಕ ಸುಳ್ಳಾಗಿರಲಿಲ್ಲ, ಅದನ್ನು ತೋರಿಸಿದ ರೀತಿ ಅನ್ಯಾಯವಾಗಿತ್ತು. ಅಂದೇ ರಾತ್ರಿ ಆ ಸಂಖ್ಯೆಯನ್ನು ತೆಗೆದೆ. ಈಗ ಆ ಮಾಹಿತಿ ಆಟ ಕರೆಯುವವರಿಗೆ ಮಾತ್ರ, ಅದೂ ಇತ್ತೀಚಿನ ಎರಡು ತಿಂಗಳಿನದು ಮಾತ್ರ ಕಾಣುತ್ತದೆ, ಕಾರಣ ತಿಳಿಸಿದ ಗೈರನ್ನು ಅದರಲ್ಲಿ ಸೇರಿಸುವುದಿಲ್ಲ. ಆಟಗಾರರಿಗೆ ಅಂಕ ಅಥವಾ ನಕ್ಷತ್ರ ಕೊಡುವ ಯೋಚನೆಯನ್ನೂ ಅದರೊಂದಿಗೇ ಕೈಬಿಟ್ಟೆ. ದಿನಾ ಎದುರುಬದುರು ಸಿಗುವ ಜನರ ನಡುವೆ ಅಂಥ ಅಂಕಗಳಿಗೆ ಜಾಗವಿರಬಾರದೆಂದು ನಾನು ಬಲವಾಗಿ ನಂಬುತ್ತೇನೆ.

ಶಟಲ್ ಗುಂಪಿನ ಸಮಸ್ಯೆ ಬೇರೆಯದು. ಬಾಡಿಗೆ ಕೋರ್ಟು ಒಂದು, ಬಂದವರು ಆರು. ಡಬಲ್ಸ್‌ನಲ್ಲಿ ನಾಲ್ವರು ಮೂರು ಬಗೆಯಲ್ಲಿ ಜೋಡಿಯಾಗಬಹುದು. ಆರು ಮಂದಿಯಿಂದ ನಾಲ್ವರನ್ನು ಆರಿಸುವ ದಾರಿಗಳು 15, ಹಾಗಾಗಿ ಒಟ್ಟು 45 ಬಗೆಯ ಆಟಗಳು ಸಾಧ್ಯ. ಗಂಟೆಯೊಂದರಲ್ಲಿ 21 ಅಂಕಗಳ ನಾಲ್ಕೈದು ಆಟ ಮಾತ್ರ ಮುಗಿಯುತ್ತವೆ. ಯಾರು ಆಡಬೇಕು, ಯಾರು ಕೂರಬೇಕೆಂಬ ಮಾತಿನಲ್ಲೇ ಬಾಡಿಗೆಯ ಹತ್ತು ನಿಮಿಷ ಹೋಗುತ್ತಿತ್ತು. ನಾನು ಜಾಣತನದ ಸೂತ್ರವನ್ನೇನೂ ಬಳಸಲಿಲ್ಲ. ಹೆಚ್ಚು ಹೊತ್ತು ಕುಳಿತವರು ಮೊದಲು ಒಳಗೆ, ಅವರಲ್ಲಿ ಈವರೆಗೆ ಜೊತೆಯಾಗಿ ಆಡದವರು ಒಂದು ಜೋಡಿ, ಇಷ್ಟೇ. ನಿಯಮ ಎಲ್ಲರಿಗೂ ಅರ್ಥವಾಗುವಷ್ಟು ಸರಳವಾಗಿದ್ದರಿಂದ ಫೋನು ಹೇಳಿದ್ದನ್ನು ಜನ ಒಪ್ಪಿದರು.

ಮೈದಾನದ ವಿಷಯದಲ್ಲಿ ಊರಿನ ಬದುಕೇ ವಿನ್ಯಾಸವನ್ನು ತಿದ್ದಿತು. ಮೈಸೂರಿನಲ್ಲಿ ದಸರಾ ಬಂತೆಂದರೆ ಮೈದಾನಗಳು ಕಾರ್ಯಕ್ರಮಗಳಿಗೆ ಹೋಗುತ್ತವೆ. ಯುವ ದಸರಾ ಹಲವು ವರ್ಷ ನಡೆದದ್ದು ಮಹಾರಾಜ ಕಾಲೇಜು ಮೈದಾನದಲ್ಲಿ. ಮೇ ತಿಂಗಳ ಸಂಜೆಯ ಮಳೆ, ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನ ಮಳೆ ಮಣ್ಣಿನ ಅಂಕಣವನ್ನು ಒಂದೆರಡು ದಿನ ಕೆಸರು ಮಾಡುತ್ತವೆ. ಆದ್ದರಿಂದ ಮೈದಾನ ಎಂಬುದು ನಕ್ಷೆಯ ಮೇಲಿನ ಸ್ಥಿರ ಚುಕ್ಕೆಯಲ್ಲ, ಇಂದು ಅದರ ಸ್ಥಿತಿ ಹೇಗಿದೆ ಎಂಬ ಮಾಹಿತಿ ಅದರೊಂದಿಗೆ ಇರಬೇಕು. ಬೆಳಿಗ್ಗೆ ಮೊದಲು ತಲುಪಿದವರು 'ಒಣಗಿದೆ' ಅಥವಾ 'ಕೆಸರಿದೆ' ಎಂದು ಒತ್ತಿದರೆ ಸಾಕು, ಹೊರಡುವ ಮೊದಲೇ ಉಳಿದವರಿಗೆ ತಿಳಿಯುತ್ತದೆ. ವಿಳಾಸಕ್ಕೆ ಬದಲಾಗಿ ಆಟ ಕರೆಯುವವರು ಬರೆಯುವ ಗುರುತನ್ನೇ ಮುಂದಿಟ್ಟೆ: 'ನೀರಿನ ಟ್ಯಾಂಕ್ ಹಿಂದಿನ ಗೇಟು' ಎಂಬ ಮಾತು ನಕ್ಷೆಯ ಚುಕ್ಕೆಗಿಂತ ಚೆನ್ನಾಗಿ ದಾರಿ ತೋರಿಸುತ್ತದೆ.

ಹಣವನ್ನು ಆ್ಯಪ್ ಮುಟ್ಟುವುದಿಲ್ಲ. ಕೋರ್ಟಿನ ಬಾಡಿಗೆ ಮತ್ತು ಗರಿಯ ಶಟಲ್‌ಗಳ ಖರ್ಚನ್ನು ಬಂದವರ ಸಂಖ್ಯೆಯಿಂದ ಭಾಗಿಸಿ, ಹಣ ಕೊಟ್ಟವರ ಯುಪಿಐಗೆ ನೇರವಾಗಿ ಕಳಿಸುವ ಗುಂಡಿಯನ್ನಷ್ಟೇ ತೋರಿಸುತ್ತದೆ. ಬಾಕಿಯನ್ನು ನೆನಪಿಸುವ ಸಂದೇಶ ಆ್ಯಪ್‌ನ ಹೆಸರಿನಲ್ಲಿ ಹೋಗುವುದರಿಂದ, ಗೆಳೆಯರ ಬಳಿ ಎಂಬತ್ತು ರೂಪಾಯಿ ಕೇಳುವ ಮುಜುಗರ ತಪ್ಪಿದೆ.

ಕನ್ನಡದ ಪರದೆಗೆ ನಾನು ಅಂದುಕೊಂಡದ್ದಕ್ಕಿಂತ ಹೆಚ್ಚು ಸಮಯ ಹಿಡಿಯಿತು. ಹೆಸರಿನ ಮೊದಲ ಅಕ್ಷರವನ್ನು ವೃತ್ತದೊಳಗೆ ತೋರಿಸುವ ಸಾಮಾನ್ಯ ಪದ್ಧತಿ ನಮ್ಮಲ್ಲಿ ಸೋಲುತ್ತದೆ: ಯೂನಿಕೋಡ್‌ನಲ್ಲಿ 'ಶ್ರೀ' ಎಂಬುದು ನಾಲ್ಕು ಸಂಕೇತಗಳ ಸರಣಿ, ಮೊದಲನೆಯದನ್ನು ಮಾತ್ರ ತೆಗೆದುಕೊಂಡರೆ ಶ್ರೀನಿವಾಸ ಬರಿಯ 'ಶ' ಆಗುತ್ತಾನೆ. ಉದ್ದದ ಹೆಸರನ್ನು ಸಂಕೇತಗಳ ಲೆಕ್ಕದಲ್ಲಿ ಕತ್ತರಿಸಿದರೆ ಕೃಷ್ಣಮೂರ್ತಿ 'ಕೃಷ್' ಎಂದು ಅರ್ಧಾಕ್ಷರದಲ್ಲಿ ನಿಲ್ಲುತ್ತಾನೆ. ಸಂಕೇತಗಳನ್ನಲ್ಲ, ಕಣ್ಣಿಗೆ ಕಾಣುವ ಅಕ್ಷರಗಳನ್ನು ಎಣಿಸುವಂತೆ ತಿದ್ದಿಸಿದೆ. ಕೆಳಗಿಳಿಯುವ ಒತ್ತಕ್ಷರಗಳು ಮುಂದಿನ ಸಾಲಿಗೆ ತಗಲದಂತೆ ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷ್ ಪರದೆಗಿಂತ ಹೆಚ್ಚಿಸಿದೆ. ಪದಗಳನ್ನೂ ಕೇಳಿ ಕೇಳಿ ಆರಿಸಿದೆ. 'ಸಂಘಟಕ' ಎಂದು ಬರೆದಿದ್ದಾಗ ಅದು ತಾವೇ ಎಂದು ಯಾರಿಗೂ ಅನಿಸಲಿಲ್ಲ, 'ಆಟ ಕರೆದವರು' ಎಂದ ತಕ್ಷಣ ಗೊತ್ತಾಯಿತು.

ಥ್ರೋಬಾಲ್ ಗುಂಪಿನ ಮಹಿಳೆಯರು ಮೊದಲ ಭೇಟಿಯಲ್ಲೇ ಇಟ್ಟ ಬೇಡಿಕೆ, ತಮ್ಮ ಫೋನ್ ಸಂಖ್ಯೆ ಬೇರೆ ಯಾವ ಆಟಗಾರರಿಗೂ ಕಾಣಬಾರದು ಮತ್ತು ಕೊಂಡಿ ಬೇರೆಯವರ ಕೈಗೆ ಹೋದರೂ ಆಟದ ಜಾಗ, ಸಮಯ ತೋರಬಾರದು ಎಂಬುದು. ಎರಡನ್ನೂ ಅವರಿಗೆ ಮಾತ್ರವಲ್ಲದೆ ಎಲ್ಲ ಗುಂಪುಗಳಿಗೂ ಅಳವಡಿಸಿದೆ: ಹೊಸಬರ ಹೆಸರನ್ನು ಆಟ ಕರೆದವರು ಒಪ್ಪಿದ ಮೇಲೆಯೇ ವಿವರ ತೆರೆಯುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರನ್ನು ಮಕ್ಕಳೆಂದೇ ಪರಿಗಣಿಸಿ, ಅವರ ಮಾಹಿತಿಗೆ ಪೋಷಕರ ದೃಢೀಕೃತ ಒಪ್ಪಿಗೆಯನ್ನು ಕೇಳುತ್ತದೆ. ಹಾಗಾಗಿ ಕ್ರಿಕೆಟ್ ಗುಂಪಿನ ಶಾಲಾ ಹುಡುಗರಿಗೆ ಖಾತೆಯನ್ನೇ ತೆರೆಯದೆ, ಪೋಷಕರು ತಮ್ಮ ಫೋನಿನಿಂದ 'ನಮ್ಮ ಹುಡುಗ ಬರುತ್ತಾನೆ' ಎಂದು ಉತ್ತರಿಸುವ ದಾರಿ ಮಾಡಿದೆ.

ಕೊನೆಯದಾಗಿ ಸೇರಿದ ಗುಂಡಿಯ ಅಗತ್ಯ ನನಗೆ ಮೊದಲು ಹೊಳೆದೇ ಇರಲಿಲ್ಲ. ನಮ್ಮ ವಾಲಿಬಾಲ್ ಗುಂಪಿನಲ್ಲಿ ಆಟ ಕರೆಯುತ್ತಿದ್ದವರಿಗೆ ಕಲಬುರಗಿಗೆ ವರ್ಗವಾಯಿತು. ಹಿಂದೆ ಇಂಥ ವರ್ಗಾವಣೆಯೊಂದಾದಾಗ ಆಟ ನಾಲ್ಕು ತಿಂಗಳು ನಿಂತಿತ್ತು. ಯಾರು ಖಾಯಂ ಆಟಗಾರರು, ಮೈದಾನಕ್ಕೆ ಯಾರನ್ನು ಕೇಳಬೇಕು, ನೆಟ್ ಯಾರ ಮನೆಯಲ್ಲಿದೆ ಎಂಬುದೆಲ್ಲ ಅವರೊಬ್ಬರ ತಲೆಯಲ್ಲಿರುತ್ತಿತ್ತು. ಅವನ್ನೆಲ್ಲ ಒಂದೇ ಪುಟದಲ್ಲಿ ಬರೆದಿಟ್ಟು, ಇನ್ನೊಬ್ಬರಿಗೆ 'ಇನ್ನು ನೀವು ಕರೆಯಿರಿ' ಎಂದು ದಾಟಿಸುವ ವ್ಯವಸ್ಥೆಯನ್ನು ಅವರೊಂದಿಗೇ ಕುಳಿತು ರೂಪಿಸಿದೆ. ಅವರು ಹೊರಟದ್ದು ಒಂದು ಗುರುವಾರ. ಶನಿವಾರ ರಾತ್ರಿ ಎಲ್ಲರಿಗೂ ಎಂದಿನಂತೆ ಕೊಂಡಿ ಬಂತು, ಕರೆದವರ ಹೆಸರು ಮಾತ್ರ ಬೇರೆ ಇತ್ತು, ಭಾನುವಾರ ಬೆಳಿಗ್ಗೆ ನಾವು 11 ಮಂದಿ ಆಡಿದೆವು.