ಹಳೇ ಬಸ್ಸಿನ ಮಂಕುಗಣ್ಣಿಗೆ ಮದ್ದು

ನನ್ನ ಹತ್ತಿರ 1971ರ ಫೋಕ್ಸ್‌ವ್ಯಾಗನ್ ಬಸ್ ಇದೆ. ಕ್ಯಾಲಿಫೋರ್ನಿಯಾ ಕರಾವಳಿಯ ಹೈವೇ 1ರಲ್ಲಿ ಮಂಜು ಕವಿದ ರಾತ್ರಿ ಅದನ್ನು ಓಡಿಸುವುದೆಂದರೆ ಎದೆ ಢವಢವ. ಹೆಡ್‌ಲೈಟ್ ಎನ್ನುವುದು ಹೆಸರಿಗಷ್ಟೇ, ಬೆಳಕು ಸೀಮೆಎಣ್ಣೆ ಬುಡ್ಡಿಯದು. ಎಲ್ಲರ ಹಾಗೆ ನಾನೂ ಮೊದಲು ಜಾಸ್ತಿ ವ್ಯಾಟಿನ ಬಲ್ಬ್ ಹುಡುಕಿದೆ. ಆದರೆ ರೋಗ ಇದ್ದದ್ದು ವೈರಿನಲ್ಲಿ.

ಈ ಬಸ್ಸಿನ ಬ್ಯಾಟರಿ ಹಿಂದೆ, ಎಂಜಿನ್ ಪಕ್ಕ. ಕರೆಂಟು ಅಲ್ಲಿಂದ ಇಡೀ ಬಸ್ಸಿನ ಉದ್ದಕ್ಕೂ ಬಂದು, ಡ್ಯಾಶ್‌ಬೋರ್ಡಿನ ಸ್ವಿಚ್ಚು, ಡಿಮ್ಮರ್, ಫ್ಯೂಸು ಎಲ್ಲ ದಾಟಿ ದೀಪ ಮುಟ್ಟಬೇಕು. ಐವತ್ತು ವರ್ಷ ಹಳೆಯ ಒಂದೊಂದು ಜಾಯಿಂಟೂ ಸುಂಕದ ಕಟ್ಟೆ ಇದ್ದ ಹಾಗೆ, ತನ್ನ ಪಾಲು ಕಿತ್ತುಕೊಂಡೇ ಮುಂದೆ ಬಿಡುತ್ತದೆ. ವೋಲ್ಟೇಜ್ ಶೇ 10ರಷ್ಟು ಇಳಿದರೆ ಬೆಳಕು ಹೆಚ್ಚುಕಡಿಮೆ ಶೇ 30ರಷ್ಟು ಇಳಿಯುತ್ತದೆ.

ಮೊದಲು ಅಳೆಯಿರಿ

1966ರ ಮಾಡೆಲ್‌ವರೆಗಿನ ಬಸ್ಸುಗಳು 6 ವೋಲ್ಟಿನವು, 1967ರ ಮಾಡೆಲ್‌ನಿಂದ 12. ಇಲ್ಲಿ ಹೇಳುತ್ತಿರುವುದು 12 ವೋಲ್ಟಿನವರಿಗೆ ಮಾತ್ರ.

ಎಂಜಿನ್ ಚಾಲೂ ಮಾಡಿ, ಯಾರಾದರೂ ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿಯಲಿ. ದೀಪ ಹಾಕಿ, ಮಲ್ಟಿಮೀಟರಿನಲ್ಲಿ ಬ್ಯಾಟರಿಯ ವೋಲ್ಟೇಜ್ ನೋಡಿ. ಆಮೇಲೆ ದೀಪದ ಹಿಂಭಾಗದ ಪ್ಲಗ್‌ನಲ್ಲಿ ನೋಡಿ. ಅರ್ಧ ವೋಲ್ಟಿನಷ್ಟು ವ್ಯತ್ಯಾಸ ಇದ್ದರೆ ಚಿಂತೆಯಿಲ್ಲ. ನನ್ನದರಲ್ಲಿ ಬ್ಯಾಟರಿ 13.6, ದೀಪ 11.4! ಅರ್ಧಕ್ಕರ್ಧ ಬೆಳಕು ದಾರಿಯಲ್ಲೇ ಸೋರಿಹೋಗುತ್ತಿತ್ತು.

ಬ್ಯಾಟರಿಯ ಮೈನಸ್ ಕಳಚಿ ಕೆಲಸ ಶುರು ಮಾಡಿ. ಫ್ಯೂಸುಗಳ ಎರಡೂ ತುದಿ, ಅವನ್ನು ಹಿಡಿಯುವ ಹಿತ್ತಾಳೆ ಕ್ಲಿಪ್ಪು, ಕಂದು ಬಣ್ಣದ ಅರ್ತಿಂಗ್ ವೈರ್ ಬಸ್ಸಿನ ತಗಡಿಗೆ ಸೇರುವ ಜಾಗ, ಇವನ್ನೆಲ್ಲ ಸ್ಯಾಂಡ್‌ಪೇಪರಿನಿಂದ ಹೊಳೆಯುವ ತನಕ ಉಜ್ಜಿ. ಖರ್ಚಿಲ್ಲದ ಕೆಲಸ, ಅದಕ್ಕೇ ಯಾರೂ ಮಾಡುವುದಿಲ್ಲ.

ರಿಲೇ ಕೂರಿಸುವುದು

ಅಸಲಿ ಮದ್ದು ಇದು. ರಿಲೇ ಅಂದರೆ ಸಣ್ಣ ಕರೆಂಟಿನ ಸನ್ನೆಗೆ ದೊಡ್ಡ ಕರೆಂಟನ್ನು ಬಿಡುವ ಸ್ವಿಚ್ಚು. 30 ಆಂಪಿಯರಿನ ಎರಡು ರಿಲೇ ಬೇಕು, ಡಿಮ್‌ಗೆ ಒಂದು, ಬ್ರೈಟ್‌ಗೆ ಒಂದು. ಬ್ಯಾಟರಿಯ ಪ್ಲಸ್‌ನಿಂದ 4 ಚದರ ಮಿ.ಮೀ. ದಪ್ಪದ ಹೊಸ ವೈರನ್ನು ಮುಂದಕ್ಕೆ ಎಳೆಯಿರಿ. ಬ್ಯಾಟರಿಯಿಂದ ಒಂದು ಗೇಣಿನೊಳಗೇ 20 ಆಂಪಿಯರಿನ ಫ್ಯೂಸ್ ಇರಲಿ. ತಗಡಿನ ತೂತುಗಳಲ್ಲಿ ನುಗ್ಗಿಸುವ ಕಡೆ ರಬ್ಬರ್ ಬಳೆ ಹಾಕದೆ ಬಿಡಬೇಡಿ. ಅಂಚಿಗೆ ವೈರ್ ತಿಕ್ಕಿ ಶಾರ್ಟ್ ಆದರೆ ಬಸ್ಸೇ ಹೊತ್ತಿಕೊಳ್ಳಬಹುದು.

ಈ ವೈರು ಎರಡೂ ರಿಲೇಗಳಲ್ಲಿ 30 ಎಂದು ನಂಬರ್ ಇರುವ ಕಾಲಿಗೆ ಹೋಗುತ್ತದೆ. ದೀಪಗಳಿಗೆ ಕರೆಂಟು ಹೊರಡುವುದು 87ರಿಂದ. 85 ಬಸ್ಸಿನ ತಗಡಿಗೆ. 86ಕ್ಕೆ ಹಳೇ ವೈರು: ಡಿಮ್ ರಿಲೇಗೆ ಹಳದಿ, ಬ್ರೈಟ್ ರಿಲೇಗೆ ಬಿಳಿ. ಇಷ್ಟು ವರ್ಷದಲ್ಲಿ ಯಾರ್ಯಾರೋ ಕೈಯಾಡಿಸಿರುತ್ತಾರೆ, ಬಣ್ಣ ನಂಬದೆ ಟೆಸ್ಟ್ ಲ್ಯಾಂಪ್ ಹಿಡಿದು ನೋಡಿ. ಇನ್ನು ಹಳೇ ಸ್ವಿಚ್ಚಿನ ಕೆಲಸ ರಿಲೇಗೆ ಸನ್ನೆ ಮಾಡುವುದಷ್ಟೇ. 87ರಿಂದ ಎಡಕ್ಕೂ ಬಲಕ್ಕೂ ಬೇರೆ ಬೇರೆ 10 ಆಂಪಿಯರ್ ಫ್ಯೂಸ್ ಹಾಕಿ. ಒಂದು ದೀಪದ ಕಡೆ ಶಾರ್ಟ್ ಆದರೂ ಇನ್ನೊಂದು ಉರಿಯುತ್ತಿರಲಿ.

ಈಗ ದೀಪ

ಅಮೆರಿಕದ ಬಸ್ಸುಗಳಲ್ಲಿ ಇರುವುದು 7 ಇಂಚಿನ ಸೀಲ್ಡ್ ಬೀಮ್, ಅಂದರೆ ಗಾಜು, ಬಲ್ಬು ಎಲ್ಲ ಒಂದೇ ಆಗಿ ಮುಚ್ಚಿದ ದೀಪ. ಅದರ ಜಾಗಕ್ಕೆ ಎಚ್4 ಎಂಬ ಹ್ಯಾಲೊಜೆನ್ ಬಲ್ಬಿನ ಹೌಸಿಂಗ್ (ಬಲ್ಬ್ ಕೂರುವ, ಮುಂದೆ ಗಾಜಿರುವ ಬಟ್ಟಲು) ಸರಿಯಾಗಿ ಕೂರುತ್ತದೆ. ಎಚ್4 ಬಂದದ್ದೂ 1971ರಲ್ಲೇ, ನನ್ನ ಬಸ್ಸಿನ ಓರಗೆಯದು. 60/55 ವ್ಯಾಟ್ (ಬ್ರೈಟ್‌ಗೆ 60, ಡಿಮ್‌ಗೆ 55) ಸಾಕು. 100/90 ಹಾಕಿದರೆ ಪ್ಲಗ್ ಸುಡುತ್ತದೆ, ಎದುರಿನವರ ಕಣ್ಣೂ ಕುಕ್ಕುತ್ತದೆ. ಹ್ಯಾಲೊಜೆನ್‌ಗೆಂದು ಮಾಡಿದ ಹೌಸಿಂಗ್‌ಗೆ ಎಲ್‌ಇಡಿ ಬಲ್ಬ್ ತುರುಕುವುದೂ ನನಗೆ ಸರಿಬರುವುದಿಲ್ಲ, ಬೆಳಕು ಕಂಡಕಂಡಲ್ಲಿ ಚೆಲ್ಲುತ್ತದೆ.

ಇಲ್ಲಿ ನಾನೊಂದು ಪೆದ್ದುತನ ಮಾಡಿದೆ. ಊರಿಗೆ ಬಂದಾಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಒಂದು ಜೊತೆ ಎಚ್4 ಹೌಸಿಂಗ್ ಹೊತ್ತು ತಂದು ಹಾಕಿಬಿಟ್ಟೆ. ಎದುರು ಬಂದವರೆಲ್ಲ ಲೈಟ್ ಮಿನುಗಿಸಿ ಬೈದುಕೊಂಡೇ ಹೋದರು. ನಮ್ಮೂರಲ್ಲಿ ಎಡಗಡೆ ಓಡಿಸುತ್ತೇವೆ, ಹಾಗಾಗಿ ಆ ಗಾಜು ಡಿಮ್ ಬೆಳಕನ್ನು ಎಡಕ್ಕೆ ಎತ್ತಿ ಚೆಲ್ಲುತ್ತದೆ. ಅಮೆರಿಕದಲ್ಲಿ ಎಡಗಡೆ ಅಂದರೆ ಎದುರಿನವರ ಮುಖ! ಬಲಗಡೆ ಓಡಿಸುವ ದೇಶಕ್ಕೆ ಅಲ್ಲಿನ ಗಾಜೇ ಬೇಕು. ಅಮೆರಿಕದಲ್ಲಾದರೆ ಗಾಜಿನ ಮೇಲೆ ಅಲ್ಲಿನ ಸಾರಿಗೆ ಇಲಾಖೆಯ 'ಡಿಒಟಿ' ಗುರುತು ಇದೆಯಾ ನೋಡಿ.

ಬಿಚ್ಚುವುದು ಸುಲಭ. ಹೊರಬಳೆಯ ಕೆಳಗಿನ ಸ್ಕ್ರೂ, ಆಮೇಲೆ ಒಳಬಳೆಯ ಮೂರು ಪುಟ್ಟ ಸ್ಕ್ರೂ. ಉಳಿದೆರಡು ಬೆಳಕಿನ ದಿಕ್ಕು ತಿದ್ದುವವು, ಸದ್ಯಕ್ಕೆ ಮುಟ್ಟಬೇಡಿ. ಬಲ್ಬಿನ ಗಾಜನ್ನು ಬರಿಗೈಯಲ್ಲಿ ಹಿಡಿಯಬೇಡಿ. ಬೆರಳಿನ ಜಿಡ್ಡು ತಾಗಿದ ಕಡೆ ಜಾಸ್ತಿ ಕಾದು ಬೇಗ ಹೋಗುತ್ತದೆ.

ಕೊನೆಗೆ ಗುರಿ. ಟೈರಿನ ಗಾಳಿ ಸರಿಮಾಡಿ, ಸಮತಟ್ಟು ಜಾಗದಲ್ಲಿ ಗೋಡೆಗೆ 5 ಮೀಟರ್ ದೂರ ನಿಲ್ಲಿಸಿ, ಡ್ರೈವರ್ ಸೀಟಿನಲ್ಲಿ ಒಬ್ಬರನ್ನು ಕೂರಿಸಿ. ದೀಪದ ನಡುವಿನ ಎತ್ತರವನ್ನು ಗೋಡೆ ಮೇಲೆ ಗುರುತು ಮಾಡಿಕೊಳ್ಳಿ. ಡಿಮ್ ಬೆಳಕಿನ ಮೇಲಂಚು ಆ ಗುರುತಿಗಿಂತ 5 ಸೆಂ.ಮೀ. ಕೆಳಗೆ ಬರುವ ಹಾಗೆ ಸ್ಕ್ರೂ ತಿರುಗಿಸಿ.

ಈಗ ನನ್ನ ದೀಪದ ಪ್ಲಗ್‌ನಲ್ಲಿ 13.2 ವೋಲ್ಟ್. ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ ಸ್ವಲ್ಪ ಮಂಕಾಗುತ್ತದೆ. ನಿಮ್ಮದೂ ಹಾಗಾದರೆ ಸುಮ್ನೆ ವೈರ್ ಬಿಚ್ಚಲು ಹೋಗಬೇಡಿ. ಆ ಕಾಲದ ಬಸ್ಸಿನಲ್ಲಿರುವುದು ಡೈನಮೋ, ಎಂಜಿನ್ ನಿಧಾನವಾದರೆ ಅದೂ ತೂಕಡಿಸುತ್ತದೆ.