ಒಂದೂವರೆ ತಾಸಿನಲ್ಲಿ ಟ್ಯಾಕ್ಟಿಕಲ್ ಆರ್‌ಪಿಜಿ ಆರಿಸೋದು: ನನ್ನ ಅನುಭವ

ಟ್ಯಾಕ್ಟಿಕಲ್ ಆರ್‌ಪಿಜಿ ಅಂದ್ರೆ ಸರದಿಯಂತೆ ಪಡೆ ನಡೆಸಿ ಕಾದಾಡ್ತಾ ಪಾತ್ರಗಳನ್ನು ಬೆಳೆಸೋ ಕಂಪ್ಯೂಟರ್ ಆಟ. ಇಂಥ ಟರ್ನ್ ಬೇಸ್ಡ್ (ಸರದಿಯ) ಆಟ ಕೊಳ್ಳೋಕೆ ರಾಯಚೂರಿನ ನಮ್ಮ ಮಂದಿ ಪಾಲಿಸೋ ಕ್ರಮ ಒಂದೇ. ರೇಟಿಂಗ್ ನೋಡು, ಯೂಟ್ಯೂಬಿನಲ್ಲಿ ಹತ್ತು ನಿಮಿಷ ನೋಡು, ಸೇಲ್ ಬಂದ ಕೂಡಲೇ ಒತ್ತು. ಹಾಗೆ ಕೊಂಡದ್ದರಲ್ಲಿ ಅರ್ಧಕ್ಕರ್ಧ ಮೂರನೇ ಕಾಳಗದಲ್ಲೇ ನಿಂತಿರ್ತವೆ. ನಾನು ಮಾಡೋದು ಬೇರೆ: ಕೊಂಡ ಮೇಲೆ ತೊಂಬತ್ತು ನಿಮಿಷದ ಪರೀಕ್ಷೆ, ಪಾಸಾಗದಿದ್ದರೆ ರಿಫಂಡ್. “ಅರವತ್ತು ತಾಸಿನ ಆಟ, ಒಂದೂವರೆ ತಾಸಿನಾಗ ಏನ್ ಗೊತ್ತಾಗ್ತದಲೇ?” ಅಂದವರೇ ಹೆಚ್ಚು. ಅಂದವರೇ ಈಗ ಸೇಲ್ ಶುರುವಾದರೆ ಮೊದಲು ನನಗೆ ಮೆಸೇಜ್ ಹಾಕ್ತಾರೆ. ಆಟಕ್ಕೆ ಹೋಗೋ ರೊಕ್ಕ ವರ್ಷಕ್ಕೆ ನಾಲ್ಕೈದು ಸಾವಿರ ಇದ್ದದ್ದು ಸುಮಾರು ಅರ್ಧಕ್ಕೆ ಇಳಿದಿದೆ. ಆಡದೆ ಬಿದ್ದಿರೋ ಆಟ ಅಂತೂ ಒಂದೂ ಇಲ್ಲ.

ಆಟ ಮಾರೋ ಆನ್‌ಲೈನ್ ಅಂಗಡಿ ಸ್ಟೀಮ್‌ನ ರಿಫಂಡ್ ನಿಯಮ ನಿಮಗೆಲ್ಲ ಗೊತ್ತು: ಕೊಂಡು 14 ದಿನದೊಳಗೆ, ಆಡಿದ್ದು 2 ತಾಸಿಗಿಂತ ಕಡಿಮೆ. ಮಂದಿ ಮರೆಯೋದು ಏನಂದ್ರೆ ಗಡಿಯಾರ ಆಟ ತೆರೆದಿರೋ ಹೊತ್ತನ್ನೆಲ್ಲ ಎಣಿಸ್ತದೆ. ಮೆನುವಿನಲ್ಲಿ ಕೂತಿದ್ದು, ಆಟಕ್ಕೂ ಮುಂಚೆ ಬರೋ ಲಾಂಚರ್ ಕಿಟಕಿ ತೆರೆದು ನಿಂತಿದ್ದು, ಊಟಕ್ಕೆ ಎದ್ದು ಹೋದದ್ದು, ಎಲ್ಲ ಲೆಕ್ಕಕ್ಕೆ ಬರ್ತದೆ. ಡೌನ್‌ಲೋಡ್ ಮಾತ್ರ ಬರೋದಿಲ್ಲ. ಅದಕ್ಕೇ 120 ನಿಮಿಷದಲ್ಲಿ 90ನ್ನು ಮಾತ್ರ ನಂಬೋದು.

ಕೊಳ್ಳುವ ಮುಂಚಿನ ಜರಡಿ ಸಣ್ಣದು, ಆದರೆ ಅದರಲ್ಲೇ ಬಹಳ ಉದುರ್ತವೆ. ಮೊದಲು ಗಾತ್ರ. ಬಾಲ್ಡರ್ಸ್ ಗೇಟ್ 3ಕ್ಕೆ 150 ಜಿಬಿ ಜಾಗ, ಅದೂ ಎಸ್‌ಎಸ್‌ಡಿ ಬೇಕು. ಫೋನಿನ ದಿನಕ್ಕೆ 2 ಜಿಬಿ ಪ್ಯಾಕಿನಲ್ಲಿ ಇಳಿಸ್ತೀನಿ ಅಂದ್ರೆ 75 ದಿನದ ಡೇಟಾ ಅದೊಂದಕ್ಕೇ. ಎಕ್ಸ್‌ಕಾಮ್ 2ಕ್ಕೆ 45, ಡಿವಿನಿಟಿ ಒರಿಜಿನಲ್ ಸಿನ್ 2ಕ್ಕೆ (ಮುಂದೆ ಬರೀ ಡಿವಿನಿಟಿ 2 ಅಂತೀನಿ) 60. ಇನ್ನೊಂದು ಕಡೆ ಇನ್‌ಟು ದ ಬ್ರೀಚ್ ಒಂದು ಜಿಬಿಯನ್ನೂ ಮುಟ್ಟೋದಿಲ್ಲ. ದೊಡ್ಡ ಆಟ ಬೇಕೇ ಬೇಕು ಅಂದ್ರೆ ಬಳ್ಳಾರಿಯಲ್ಲಿ ಫೈಬರ್ ಇರೋ ಗೆಳೆಯನ ಹತ್ತಿರ ಪೆನ್‌ಡ್ರೈವ್ ಕಳಿಸಿ. ಅವನ ಸ್ಟೀಮ್‌ಆ್ಯಪ್ಸ್ ಒಳಗಿನ ಕಾಮನ್ ಫೋಲ್ಡರಿನಿಂದ ಆಟದ ಫೋಲ್ಡರನ್ನು ಕಾಪಿ ಮಾಡಿ ನಿಮ್ಮ ಮಷಿನ್‌ನಲ್ಲಿ ಅದೇ ಜಾಗಕ್ಕೆ ಹಾಕಿ. ಆಮೇಲೆ ನಿಮ್ಮ ಖಾತೆಯಿಂದ ಇನ್‌ಸ್ಟಾಲ್ ಒತ್ತಿದರೆ ಇರೋ ಫೈಲುಗಳನ್ನು ಹುಡುಕಿ ಪರೀಕ್ಷಿಸಿ, ಕೊರತೆ ಬಿದ್ದದ್ದನ್ನು ಮಾತ್ರ ಇಳಿಸ್ತದೆ. ಆಟವನ್ನು ನೀವೂ ಕೊಂಡಿರಬೇಕು, ಅದು ಬೇರೆ ಮಾತು. ಪೆನ್‌ಡ್ರೈವ್ ಫ್ಯಾಟ್32 ಇದ್ದರೆ 4 ಜಿಬಿ ಮೀರಿದ ಫೈಲ್ ಅರ್ಧದಲ್ಲೇ ನಿಲ್ತದೆ. ಎಕ್ಸ್‌ಫ್ಯಾಟ್ ಮಾಡಿಕೊಂಡೇ ಕಳಿಸಿ.

ಎರಡನೇದು ಸೇವ್. ಏಪ್ರಿಲ್-ಮೇ ಮಧ್ಯಾಹ್ನ ಕರೆಂಟ್ ಯಾವಾಗ ಹೋಗ್ತದೆ ಅಂತ ಹೇಳೋಕಾಗದ ಊರಲ್ಲಿ ಕಾಳಗದ ನಡುವೆ ಸೇವ್ ಆಗದ ಆಟ ಅಂದ್ರೆ ಮುಕ್ಕಾಲು ತಾಸಿನ ಬೆವರು ನೀರುಪಾಲು. ಬ್ಯಾಟಲ್ ಬ್ರದರ್ಸ್ 2017ರಲ್ಲಿ ಬಂದದ್ದು, ಹಳೆ ಲ್ಯಾಪ್‌ಟಾಪಿನಲ್ಲೂ ಓಡ್ತದೆ, ಆದರೆ ಕಾಳಗದೊಳಗೆ ಸೇವ್ ಇಲ್ಲ. ಹನ್ನೆರಡು ಜನರ ದೊಡ್ಡ ಕಾಳಗ ಹಚ್ಚುವ ಮುಂಚೆ ಬ್ಯಾಟರಿ ನೋಡಿಕೊಳ್ಳಬೇಕು. ವೆಸ್ನೋತ್ ಪ್ರತಿ ಸರದಿಗೂ ತಾನೇ ಸೇವ್ ಮಾಡ್ತದೆ, ಮೇಲಾಗಿ ಪುಕ್ಕಟೆ. ಟ್ಯಾಕ್ಟಿಕ್ಸ್ ಓಗರ್ ರೀಬಾರ್ನ್‌ನಲ್ಲಿ ಚಾರಿಯಟ್ ಕಾರ್ಡ್ ಹಿಡಿದು 50 ಸರದಿವರೆಗೆ ಹಿಂದಕ್ಕೆ ಹೋಗಬಹುದು. ಎಕ್ಸ್‌ಕಾಮ್, ಡಿವಿನಿಟಿ, ಬಾಲ್ಡರ್ಸ್ ಗೇಟ್ ಮೂರರಲ್ಲೂ ಕಾಳಗದ ನಡುವೆ ಸೇವ್ ನಡೀತದೆ. ಡೆಸ್ಕ್‌ಟಾಪ್ ಇದ್ದವರು 600 ವಿಎ ಯುಪಿಎಸ್ ನಂಬಿ ಕೂತರೆ ಹತ್ತು-ಹದಿನೈದು ನಿಮಿಷ ಸಿಗ್ತದೆ, ಬ್ಯಾಟರಿ ಹಳೇದಾದರೆ ಅದೂ ಇಲ್ಲ.

ಇನ್ನು ಪರೀಕ್ಷೆ. ಮೊದಲ ಹತ್ತು ನಿಮಿಷ ಸೆಟ್ಟಿಂಗ್. ಎಫ್‌ಪಿಎಸ್, ಅಂದ್ರೆ ಸೆಕೆಂಡಿಗೆ ಮೂಡೋ ಚಿತ್ರಗಳ ಲೆಕ್ಕ, 30ಕ್ಕೆ ಕಟ್ಟಿಹಾಕಿ, ಸರದಿಯಾಟಕ್ಕೆ 60 ಬೇಕಿಲ್ಲ. ಬೇಸಿಗೆಯಲ್ಲಿ ಹೊರಗೆ 42 ಡಿಗ್ರಿ ಇದ್ದಾಗ ಲ್ಯಾಪ್‌ಟಾಪ್ ಬಿಸಿಯಾಗಿ ತಾನೇ ವೇಗ ಇಳಿಸ್ತದೆ, ಆಗ ಮಂದಿ ಆಟಕ್ಕೆ ಬೈತಾರೆ. ವಿಂಡೋಸಿನ ಪವರ್ ಆಪ್ಷನ್‌ನಲ್ಲಿ ಪ್ರೊಸೆಸರಿನ ಗರಿಷ್ಠ ಮಟ್ಟ 100 ಇದ್ದದ್ದನ್ನು 99 ಮಾಡಿ. ಪ್ರೊಸೆಸರ್ ಮಿತಿ ಮೀರಿ ಓಡೋ ಟರ್ಬೊ ನಿಲ್ತದೆ, ನನ್ನ ಮಷಿನ್‌ನಲ್ಲಿ ಹತ್ತು ಡಿಗ್ರಿ ಮೇಲೆಯೇ ಇಳೀತು. 1366×768 ಪರದೆಯಲ್ಲಿ ಅಕ್ಷರ ದೊಡ್ಡದು ಮಾಡೋ ಆಯ್ಕೆ ಇದೆಯಾ ನೋಡಿ. ಇಲ್ಲದಿದ್ದರೆ ಅಲ್ಲೇ ಮುಚ್ಚಿ, ಕಣ್ಣು ನಿಮ್ಮದು. ಟ್ಯುಟೋರಿಯಲ್ ಬಿಡಬಹುದಾದರೆ ಬಿಡಿ. ಎಕ್ಸ್‌ಕಾಮ್ 2ರಲ್ಲಿ ಹೊಸ ಆಟ ಶುರು ಮಾಡುವಾಗಲೇ ಆ ಗುರುತು ತೆಗೆಯಬಹುದು.

ಮೊದಲ ಕಾಳಗಕ್ಕೆ ಫೋನಿನ ಸ್ಟಾಪ್‌ವಾಚ್ ಬೇಕು. ಅಳೆಯೋದು ನನ್ನ ಸರದಿಯನ್ನಲ್ಲ, ಶತ್ರುವಿನದನ್ನು. ಒಟ್ಟು ಹೊತ್ತಿನಲ್ಲಿ ಮೂರರಲ್ಲೊಂದು ಪಾಲಿಗಿಂತ ಜಾಸ್ತಿ ನಾನು ಕೈಕಟ್ಟಿ ನೋಡ್ತಾ ಕೂತಿದ್ದರೆ, ಆ್ಯನಿಮೇಷನ್ ಓಡಿಸೋ ಗುಂಡಿಯೂ ಇಲ್ಲದಿದ್ದರೆ, ಆಟ ವಾಪಸ್. ಮೊದಲ ಕಾಳಗದಲ್ಲಿ ಶತ್ರು ಐದು ಇದ್ದರೆ ಮುಂದೆ ಹದಿನೈದಾಗ್ತದೆ, ಕಾಯೋ ಹೊತ್ತೂ ಅದೇ ಲೆಕ್ಕದಲ್ಲಿ ಏರ್ತದೆ. ಈ ಒಂದು ಅಳತೆ ಎಲ್ಲ ರಿವ್ಯೂಗಿಂತ ಹೆಚ್ಚು ಹೇಳಿದೆ.

ಹೊಡೆತ ತಾಗೋ ಸಾಧ್ಯತೆ ಅಂತ ಆಟ ತೋರಿಸೋ ಪರ್ಸೆಂಟ್ ಬಗ್ಗೆ ಮಂದಿಯಲ್ಲಿ ಬಹಳ ಜಗಳ. “ಎಪ್ಪತ್ತು ತೋರಿಸಿ ಮಿಸ್ ಮಾಡ್ತದ, ಮೋಸದ ಆಟ.” ಲೆಕ್ಕ ಹಾಕಿ ನೋಡಿ. 70ರ ಹೊಡೆತ 30 ಹೊಡೆದರೆ ಸರಾಸರಿ 21 ತಾಗಬೇಕು, ಆದರೆ 16 ತಾಗಿದರೂ 26 ತಾಗಿದರೂ ಅಸಹಜ ಅಲ್ಲ. ತೊಂಬತ್ತು ನಿಮಿಷದಲ್ಲಿ ಸಿಗೋದೇ ಹೆಚ್ಚೆಂದರೆ ಇಪ್ಪತ್ತೈದು-ಮೂವತ್ತು ಹೊಡೆತ, ಅಷ್ಟರಲ್ಲಿ ಮೋಸ ಹಿಡಿಯೋಕಾಗೋದಿಲ್ಲ. ಹಾಗಾಗಿ ಹೊಡೆತ ಎಣಿಸೋದನ್ನು ಪರೀಕ್ಷೆಯಿಂದ ತೆಗೆದು ಹಾಕಿದೆ. ಅದರ ಬದಲು ನೋಡೋದು: ಮಿಸ್ ಆದಾಗ ಕೈಯಲ್ಲಿ ಇನ್ನೇನು ಉಳೀತದೆ? ಎಕ್ಸ್‌ಕಾಮ್ 2ರಲ್ಲಿ ಗ್ರೆನೇಡ್ ಮಿಸ್ ಆಗೋದಿಲ್ಲ, ಶತ್ರು ಅಡಗಿರೋ ಕವರನ್ನೂ ಒಡೀತದೆ. ಹಾಗಾಗಿ 65ರ ಎರಡು ಗುಂಡು ವ್ಯರ್ಥವಾದರೂ, ಅದು ನೂರಕ್ಕೆ ಹನ್ನೆರಡು ಸಲ ಆಗೋದೇ, ಮೂರನೆಯವನಿಗೆ ದಾರಿ ಇರ್ತದೆ. ಖಚಿತವಾದ ಆಯುಧ ಒಂದೂ ಇಲ್ಲದೆ ಬರೀ ದಾಳದ ಮೇಲೆ ನಿಂತ ಆಟ ಇಪ್ಪತ್ತು ತಾಸಿನ ಮೇಲೆ ಬೇಸರ ಬರಿಸ್ತದೆ.

ಇಲ್ಲೇ ಸ್ವಲ್ಪ ದಾರಿ ತಪ್ಪಿ ಹೇಳ್ತೀನಿ, ಯಾಕಂದ್ರೆ ಪರೀಕ್ಷೆಯಿಂದ ತೆಗೆದ ಮೇಲೂ ಎಣಿಕೆಯ ಹುಚ್ಚು ಹೋಗಲಿಲ್ಲ. ಫೈರ್ ಎಂಬ್ಲೆಮ್ ಸರಣಿಯಲ್ಲಿ 2002ರ ಜಿಬಿಎ (ಗೇಮ್ ಬಾಯ್ ಅಡ್ವಾನ್ಸ್) ಆಟದಿಂದ, ಹೊಡೆತ ತಾಗಿತೋ ಇಲ್ಲವೋ ಅಂತ ತೀರ್ಮಾನಿಸೋಕೆ ಒಂದರ ಬದಲು ಎರಡು ಸಂಖ್ಯೆ ಎತ್ತಿ ಸರಾಸರಿ ತೆಗೆಯೋ ಪದ್ಧತಿ ಬಂತು. 75 ತೋರಿಸಿದರೆ ನಿಜದಲ್ಲಿ 87ರ ಮೇಲೆ, 90 ಅಂದ್ರೆ 98ರ ಹತ್ತಿರ. 50ಕ್ಕಿಂತ ಕೆಳಗಿನದು ಇನ್ನೂ ಕೆಳಗೆ ಹೋಗ್ತದೆ. ಅಂಥ ಆಟ ಆಡಿ ಬಂದವನಿಗೆ ಎಕ್ಸ್‌ಕಾಮ್ ಮೋಸ ಅನ್ನಿಸೋದು ಸಹಜ. ಎಕ್ಸ್‌ಕಾಮ್ ಕೂಡ ಸಾಚಾ ಅಲ್ಲ ಬಿಡಿ. ಕೆಳಗಿನ ಹಂತಗಳಲ್ಲಿ ಮಿಸ್ ಆದಷ್ಟೂ ಗುಟ್ಟಾಗಿ ನಿಮ್ಮ ಪರ್ಸೆಂಟ್ ಏರಿಸ್ತದೆ, ಅತಿ ಕಷ್ಟದ ಹಂತ ಲೆಜೆಂಡ್‌ಗೆ ಹೋದರೆ ಆ ಆಸರೆ ತಪ್ತದೆ. ಬಾಲ್ಡರ್ಸ್ ಗೇಟ್ 3ರಲ್ಲಿ ಕಾರ್ಮಿಕ್ ಡೈಸ್ ಅಂತ ಇದೆ, ಮೊದಲಿಂದ ಆನ್ ಇರ್ತದೆ. ಸಾಲಾಗಿ ಸೋಲೋದನ್ನು ತಡೀತದೆ. ನಾನು ಆಫ್ ಮಾಡಿಯೇ ಆಡೋದು. ಎಕ್ಸ್‌ಕಾಮ್‌ನಲ್ಲಿ ಸೇವ್ ಲೋಡ್ ಮಾಡಿ ಅದೇ ಗುಂಡು ಮತ್ತೆ ಹೊಡೆದರೆ ಮತ್ತೆ ಮಿಸ್, ಯಾಕಂದ್ರೆ ದಾಳದ ಬೀಜ, ಅಂದ್ರೆ ಮುಂದಿನ ಸಂಖ್ಯೆಗಳ ಸಾಲನ್ನು ತೀರ್ಮಾನಿಸೋ ಮೂಲ ಸಂಖ್ಯೆ, ಸೇವ್‌ನಲ್ಲೇ ಕೂತಿರ್ತದೆ. ಬೇರೆ ಸೈನಿಕನಿಂದ ಮೊದಲು ಹೊಡೆಸಿದರೆ ಸಾಲು ಬದಲಾಗ್ತದೆ. ಯಾರಿಂದ ಶುರು ಮಾಡಿದರೆ ಲಾಭ ಅನ್ನೋದಕ್ಕೆ ನನ್ನದೊಂದು ಕ್ರಮ ಇದೆ, ಅದನ್ನು ಇಲ್ಲಿ ಬರೆಯೋದಿಲ್ಲ.

ಪರೀಕ್ಷೆಗೆ ವಾಪಸ್. ಐವತ್ತನೇ ನಿಮಿಷಕ್ಕೆ ಬೇಕಂತಲೇ ಒಬ್ಬನನ್ನು ಸಾಯಿಸಿ. ಗೆಳೆಯರು ಹೆಚ್ಚು ನಕ್ಕದ್ದು ಇದಕ್ಕೇ, ಆದರೆ ಆಟದ ಒಳಗು ತಿಳಿಯೋದು ಇಲ್ಲೇ. ಬಾಲ್ಡರ್ಸ್ ಗೇಟ್ 3ರಲ್ಲಿ ಬಿಡಾರದಲ್ಲಿರೋ ವಿದರ್ಸ್ ಅನ್ನೋ ಪಾತ್ರಕ್ಕೆ 200 ಚಿನ್ನ ಕೊಟ್ಟರೆ ಸತ್ತವನು ಎದ್ದು ಬರ್ತಾನೆ. ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್‌ನಲ್ಲಿ ಬಿದ್ದವನ ತಲೆ ಮೇಲೆ 3ರಿಂದ ಎಣಿಕೆ ಇಳೀತದೆ, ಅಷ್ಟರಲ್ಲಿ ಎಬ್ಬಿಸದಿದ್ದರೆ ಹೋದ. ಫೆಲ್ ಸೀಲ್‌ನಲ್ಲಿ ಸಾಯೋದಿಲ್ಲ, ಗಾಯವಾಗಿ ಶಕ್ತಿ ಇಳೀತದೆ, ವಾಸಿಯಾಗೋಕೆ ಒಂದು ಕಾಳಗ ಹೊರಗೆ ಕೂರಬೇಕು; ಹಾಗಾಗಿ ಎರಡನೇ ಸಾಲಿನ ಜನರನ್ನೂ ಬೆಳೆಸಲೇಬೇಕಾಗ್ತದೆ. ವೆಸ್ನೋತ್‌ನಲ್ಲಿ ಬದುಕುಳಿದ ಹಳಬನನ್ನು ಮುಂದಿನ ಕಾಳಗಕ್ಕೆ ಕರೆಸೋಕೆ 20 ಚಿನ್ನ, ಸತ್ತವನು ಸತ್ತ. ಬ್ಯಾಟಲ್ ಬ್ರದರ್ಸ್, ಎಕ್ಸ್‌ಕಾಮ್ ಎರಡರಲ್ಲೂ ಸಾವು ಸಾವೇ. ಅಲ್ಲಿ ಕೇಳಬೇಕಾದ ಪ್ರಶ್ನೆ, ಹೊಸಬನನ್ನು ಆ ಮಟ್ಟಕ್ಕೆ ತರೋಕೆ ಎಷ್ಟು ಕಾಳಗ ಬೇಕು? ಮೂರು-ನಾಲ್ಕು ಅಂದ್ರೆ ಆಡಬಹುದು. ಹತ್ತು ದಾಟಿದರೆ ಕರೆಂಟ್ ಹೋಗೋ ಊರಿನವನಿಗೆ ಆಗೋದಿಲ್ಲ.

ಲೆವೆಲ್ ಏರೋ ಪರದೆಗೆ ಐದು ನಿಮಿಷ ಸಾಕು. ಆರಿಸೋದು ಇದೆಯೋ, ಬರೀ ಅಂಕಿ ಏರ್ತದೋ ಅಷ್ಟೇ. ಬ್ಯಾಟಲ್ ಬ್ರದರ್ಸ್‌ನಲ್ಲಿ ಎಂಟು ಗುಣಗಳಲ್ಲಿ ಪ್ರತಿ ಲೆವೆಲ್‌ಗೆ ಮೂರನ್ನು ಮಾತ್ರ ಏರಿಸಬಹುದು. ಭಾರದ ಕವಚ ತೊಡಿಸಿದರೆ ದಣಿವು ತಡೆಯೋ ಶಕ್ತಿ ಇಳೀತದೆ, ಹಾಗಾಗಿ ಮೂರನ್ನು ಆರಿಸೋದೇ ಒಂದು ಆಟ. ಡಿವಿನಿಟಿ 2ರಲ್ಲಿ ಆಯ್ಕೆ ಬಹಳ ಇದ್ದಂತೆ ಕಾಣ್ತದೆ, ಆದರೆ ದೈಹಿಕ ಕವಚ, ಮಾಂತ್ರಿಕ ಕವಚ ಬೇರೆ ಬೇರೆ. ನಾಲ್ವರಲ್ಲಿ ಇಬ್ಬರು ಒಂದನ್ನು, ಇಬ್ಬರು ಇನ್ನೊಂದನ್ನು ಬಡಿದರೆ ಎರಡೂ ಬೇಗ ಮುರಿಯೋದಿಲ್ಲ, ಮುರಿಯೋ ತನಕ ಬೀಳಿಸೋದು-ಹೆಪ್ಪುಗಟ್ಟಿಸೋದು ಏನೂ ನಡೆಯೋದಿಲ್ಲ. ನಾಲ್ವರನ್ನೂ ದೈಹಿಕಕ್ಕೆ ಹಚ್ಚಿ ನೋಡಿ, ವ್ಯತ್ಯಾಸ ತಾನೇ ತಿಳೀತದೆ.

ಕೊನೆಗೆ ಕರೆಂಟ್ ಪರೀಕ್ಷೆ. ಕಾಳಗದ ನಡುವೆ ಟಾಸ್ಕ್ ಮ್ಯಾನೇಜರ್ ತೆರೆದು ಎಂಡ್ ಟಾಸ್ಕ್ ಕೊಡಿ. ಆಲ್ಟ್-ಎಫ್4 ಬೇಡ, ಎಷ್ಟೋ ಆಟ ಮುಚ್ಚುವಾಗ ಸೇವ್ ಮಾಡಿಕೊಳ್ತವೆ, ನಿಜವಾಗಿ ಕರೆಂಟ್ ಹೋದಾಗ ಮಾಡೋದಿಲ್ಲ. ಮತ್ತೆ ತೆರೆದು ಎಷ್ಟು ಕಳೆದುಹೋಯ್ತು ನೋಡಿ. ಇಂಟರ್ನೆಟ್ಟಿನಲ್ಲಿರೋ ಕ್ಲೌಡ್ ಸೇವ್‌ಗೂ ಮಷಿನ್ ಸೇವ್‌ಗೂ ತಕರಾರು ಬಂದರೆ ತಾರೀಖು-ವೇಳೆ ಓದಿ ಹೊಸದನ್ನು ಆರಿಸಿ. ಅವಸರಕ್ಕೆ ಮೇಲಿನದನ್ನು ಒತ್ತಬೇಡಿ.

ಈ ಕ್ರಮ ಕೈಕೊಡೋ ಜಾಗವೂ ಇದೆ. ಡಿವಿನಿಟಿ 2, ಬಾಲ್ಡರ್ಸ್ ಗೇಟ್ 3 ಎರಡರಲ್ಲೂ ಮೊದಲ ಎರಡು ತಾಸು ಹಡಗು, ಮಾತು, ಪಾತ್ರ ಕಟ್ಟೋದರಲ್ಲೇ ಹೋಗ್ತದೆ. ಕಾಳಗದ ನಿಜರೂಪ ಆಮೇಲೆ. ಅವನ್ನು ಜಿಒಜಿ ಅನ್ನೋ ಇನ್ನೊಂದು ಆನ್‌ಲೈನ್ ಅಂಗಡಿಯಲ್ಲಿ ಕೊಂಡರೆ 30 ದಿನದೊಳಗೆ, ಆಡಿದ್ದರೂ, ರಿಫಂಡ್ ಕೇಳಬಹುದು. ಅದು ಅವರು ನಂಬಿಕೆ ಮೇಲೆ ಕೊಟ್ಟದ್ದು, ಆಡಿ ಮುಗಿಸಿ ವಾಪಸ್ ಮಾಡೋ ಚಾಳಿ ಬೇಡ. ಇನ್ನೊಂದು, ಇವೆರಡರಲ್ಲೂ ಇಂಗ್ಲಿಷ್ ಓದು ರಾಶಿ. ಓದು ಬೇಡ ಅನ್ನೋ ತಮ್ಮಂದಿರಿಗೆ ನಾನು ಹೇಳೋದು ಇನ್‌ಟು ದ ಬ್ರೀಚ್: 8×8 ಮನೆ, ಮೂರು ಯಂತ್ರ, ಶತ್ರು ಮುಂದೆ ಏನು ಮಾಡ್ತಾನೆ ಅನ್ನೋದು ಮೊದಲೇ ಕಾಣ್ತದೆ. ಕೊಲ್ಲೋದಕ್ಕಿಂತ ತಳ್ಳೋದು, ದಾರಿ ಕಟ್ಟೋದು ಮುಖ್ಯ, ಹಂಪಿ ಮಂಟಪದ ಕಲ್ಲುಹಾಸಿನ ಮೇಲೆ ಆಡೋ ಹುಲಿ-ಕುರಿಯಲ್ಲಿ ಕುರಿ ಕಡೆ ಕೂತಂತೆ. ಪೂರ್ತಿ ಆರ್‌ಪಿಜಿ ಅಲ್ಲ, ಪೈಲಟ್ ಮಾತ್ರ ಬೆಳೀತಾನೆ. ಒಂದು ಕಾಳಗ ಹತ್ತು ನಿಮಿಷದೊಳಗೆ ಮುಗೀತದೆ.

ರೊಕ್ಕದ ಮಾತು. ಬಾಲ್ಡರ್ಸ್ ಗೇಟ್ 3 ನಾನು ನೋಡಿದಾಗ 2,999 ರೂಪಾಯಿ ಇತ್ತು. ಎಕ್ಸ್‌ಕಾಮ್ 2 ದೊಡ್ಡ ಸೇಲ್‌ನಲ್ಲಿ ಮೂಲ ಬೆಲೆಯ ಹತ್ತರಲ್ಲೊಂದಕ್ಕೆ ಇಳಿಯೋದುಂಟು, ಪೂರ್ತಿ ಬೆಲೆಗೆ ಕೊಳ್ಳೋದು ದಂಡ. ಡಿಎಲ್‌ಸಿ (ಬೇರೆಯಾಗಿ ಮಾರೋ ಹೆಚ್ಚುವರಿ ಭಾಗ) ಸೇರಿಸಿದ ಗಂಟನ್ನು ಮೊದಲ ದಿನವೇ ಹೊರಬೇಡಿ. ಮೂಲ ಆಟ ಪಾಸಾದ ಮೇಲೆ ಮುಂದಿನ ಸೇಲ್‌ವರೆಗೆ ಕಾಯಿರಿ, ಎಕ್ಸ್‌ಕಾಮ್ 2ರ ಡಿಎಲ್‌ಸಿ ವಾರ್ ಆಫ್ ದ ಚೋಸನ್ ಒಂದನ್ನು ಬಿಟ್ಟು, ಅದಿಲ್ಲದೆ ಎಕ್ಸ್‌ಕಾಮ್ 2 ಅರ್ಧ ಆಟ. ರಿಫಂಡ್ ಹೊಡೆತಕ್ಕೊಂದು ಮಾಡ್ತಾ ಹೋದರೆ ದುರುಪಯೋಗ ಅಂತ ನಿಲ್ಲಿಸೋ ಹಕ್ಕು ಸ್ಟೀಮ್‌ಗಿದೆ. ಜರಡಿಯನ್ನು ಮೊದಲೇ ಹಿಡಿದರೆ ಆ ಹಂತಕ್ಕೆ ಹೋಗೋದಿಲ್ಲ. ಡೆಮೊ ಇದ್ದರೆ ಪರೀಕ್ಷೆಯೆಲ್ಲ ಅದರಲ್ಲೇ ಮುಗಿಸಿ, ಅದರ ಹೊತ್ತು ಈ ಎರಡು ತಾಸಿಗೆ ಸೇರೋದಿಲ್ಲ. ಕೊಂಡ ಮರುವಾರವೇ ಸೇಲ್ ಬಂದರೆ ಬೇಸರ ಮಾಡ್ಕೋಬೇಡಿ: 14 ದಿನ, 2 ತಾಸಿನೊಳಗಿದ್ದರೆ ವಾಪಸ್ ಕೊಟ್ಟು ಕಡಿಮೆ ಬೆಲೆಗೆ ಮತ್ತೆ ಕೊಳ್ಳಬಹುದು, ಅದನ್ನು ದುರುಪಯೋಗ ಅಂತ ಹಿಡಿಯೋದಿಲ್ಲ ಅಂತ ಅವರ ನಿಯಮದಲ್ಲೇ ಬರೆದಿದೆ. ರೊಕ್ಕ ಕೈಗೆ ಬರೋಕೆ ವಾರ ಹಿಡೀಬಹುದು, ಹಾಗಾಗಿ ಸೇಲ್ ಮುಗಿಯೋ ತಾರೀಖು ನೋಡಿಕೊಂಡೇ ಅರ್ಜಿ ಹಾಕಿ. ವಾಲೆಟ್‌ಗೇ ಹಾಕಿಸಿಕೊಳ್ಳೋ ಆಯ್ಕೆಯೂ ಅದೇ ಅರ್ಜಿಯಲ್ಲಿ ಇರ್ತದೆ.