ಫೈರ್ ಪ್ರೊ ರೆಸ್ಲಿಂಗ್: ಟ್ಯಾಗ್ ಪಂದ್ಯ ಆಡುವುದು ಹೇಗೆ?

ಜಪಾನಿನ ಹ್ಯೂಮನ್ ಎಂಟರ್‌ಟೈನ್‌ಮೆಂಟ್ ಕಂಪನಿಯು 1989ರಲ್ಲಿ ಪಿಸಿ ಎಂಜಿನ್ ಎಂಬ ವಿಡಿಯೋ ಗೇಮ್ ಯಂತ್ರಕ್ಕೆಂದು ಒಂದು ಕುಸ್ತಿ ಆಟವನ್ನು ಹೊರತಂದಿತು. ಅದರ ಪೂರ್ಣ ಹೆಸರು ‘ಫೈರ್ ಪ್ರೊ ರೆಸ್ಲಿಂಗ್: ಕಾಂಬಿನೇಷನ್ ಟ್ಯಾಗ್’. ಟ್ಯಾಗ್ ಎಂದರೆ ಇಬ್ಬಿಬ್ಬರ ಜೋಡಿಗಳು ಸೆಣಸುವ ಪಂದ್ಯ: ಜೋಡಿಯಲ್ಲಿ ಒಬ್ಬನು ರಿಂಗಿನೊಳಗೆ ಕಾದಾಡಿ, ಮೂಲೆಯಲ್ಲಿ ಕಾದಿರುವ ಜೊತೆಗಾರನ ಕೈ ತಟ್ಟಿ ಜಾಗ ಬದಲಿಸುತ್ತಾನೆ. ಮುಂದೆ ಮೂರು ದಶಕಗಳ ಕಾಲ ಬಾಳಿದ ಸರಣಿಯೊಂದು ತನ್ನ ಮೊದಲ ಆಟದ ಹೆಸರಿನಲ್ಲಿಯೇ ಜೋಡಿ ಕುಸ್ತಿಯನ್ನು ಇಟ್ಟುಕೊಂಡದ್ದು ಆಕಸ್ಮಿಕವಲ್ಲ ಎಂದೇ ನನ್ನ ಭಾವನೆ. ಆ ಕಾಲದ ಜಪಾನಿನಲ್ಲಿ ಟ್ಯಾಗ್ ಪಂದ್ಯಕ್ಕೆ ದೊಡ್ಡ ಗೌರವವಿತ್ತು. ಮಲ್ಲ ಜೈಂಟ್ ಬಾಬಾ 1972ರಲ್ಲಿ ಸ್ಥಾಪಿಸಿದ ಆಲ್ ಜಪಾನ್ ಎಂಬ ಕುಸ್ತಿ ಸಂಸ್ಥೆಯು ಪ್ರತಿ ವರ್ಷದ ಕೊನೆಯಲ್ಲಿ ಜೋಡಿಗಳಿಗಾಗಿಯೇ ಲೀಗ್ ನಡೆಸುತ್ತಿತ್ತು. 1988ರ ಜೂನ್‌ನಲ್ಲಿ ಎರಡು ಜೋಡಿ ಪ್ರಶಸ್ತಿಗಳನ್ನು ಒಂದುಗೂಡಿಸಿದಾಗ ಜಂಬೋ ತ್ಸುರುತಾ ಮತ್ತು ಯೋಶಿಯಾಕಿ ಯಾತ್ಸು ಅದರ ಮೊದಲ ಒಡೆಯರಾದರು. ಇಬ್ಬರು ದೊಡ್ಡ ಮಲ್ಲರ ನಡುವಣ ಪೈಪೋಟಿಯನ್ನು ಒಂದೇ ರಾತ್ರಿಯಲ್ಲಿ ತೀರಿಸಿಬಿಡದೆ, ತಿಂಗಳುಗಟ್ಟಲೆ ಎದುರುಬದುರು ನಿಲ್ಲಿಸಿ ಬೆಳೆಸಲು ಜೋಡಿ ಪಂದ್ಯದಷ್ಟು ಒಳ್ಳೆಯ ದಾರಿ ಬೇರೊಂದಿಲ್ಲ.

ಈ ಸರಣಿಯ ಜನಕ ಮಸಾತೊ ಮಸುದಾ. 1986ರಲ್ಲಿ ನಿಂಟೆಂಡೋ ಪ್ರಕಟಿಸಿದ ‘ಪ್ರೊ ರೆಸ್ಲಿಂಗ್’ ಆಟವನ್ನು ರೂಪಿಸಿದವರೂ ಅವರೇ. ಅವರ ಆಟಗಳಲ್ಲಿ ಗುಂಡಿಯನ್ನು ಎಷ್ಟು ಸಲ ಒತ್ತಿದಿರಿ ಎಂಬುದಕ್ಕಿಂತ ಯಾವಾಗ ಒತ್ತಿದಿರಿ ಎಂಬುದಕ್ಕೆ ಬೆಲೆ. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಹೆಜ್ಜೆಗಳೆಲ್ಲ ಸುಲಭವಾಗಿ ಅರ್ಥವಾಗುತ್ತವೆ.

ಯಾವ ಆವೃತ್ತಿ, ಯಾವ ಯಂತ್ರ

ಹಳೆಯ ಆಟದ ರುಚಿಯನ್ನು ಇಂಗ್ಲಿಷ್ ಪರದೆಯೊಂದಿಗೆ ನೋಡಬಯಸುವವರಿಗೆ 2001ರಲ್ಲಿ ಗೇಮ್ ಬಾಯ್ ಅಡ್ವಾನ್ಸ್‌ಗೆ ಬಂದ ‘ಫೈರ್ ಪ್ರೊ ರೆಸ್ಲಿಂಗ್’ ಒಳ್ಳೆಯ ಆರಂಭ. ಅದಕ್ಕೂ ಹಿಂದೆ ನಿಂಟೆಂಡೋದ ಸೂಪರ್ ಫ್ಯಾಮಿಕಾಮ್ ಯಂತ್ರಕ್ಕೆ ಬಂದ ಆಟಗಳಲ್ಲಿ 1996ರ ‘ಎಕ್ಸ್ ಪ್ರೀಮಿಯಂ’ ಇಂದಿಗೂ ಅಭಿಮಾನಿಗಳ ಮೆಚ್ಚಿನದು, ಆದರೆ ಅದು ಜಪಾನಿ ಭಾಷೆಯಲ್ಲಿದೆ. ಪ್ಲೇಸ್ಟೇಷನ್ 2ರ ‘ರಿಟರ್ನ್ಸ್’ ಜಪಾನಿನಲ್ಲಿ 2005ರಲ್ಲಿ, ಅಮೆರಿಕದಲ್ಲಿ 2007ರಲ್ಲಿ ಬಿಡುಗಡೆಯಾಯಿತು. 2017ರ ‘ಫೈರ್ ಪ್ರೊ ರೆಸ್ಲಿಂಗ್ ವರ್ಲ್ಡ್’ ಕಂಪ್ಯೂಟರಿನಲ್ಲಿಯೂ ಆಡಬಹುದಾದ ಆಟವಾಗಿದ್ದು, ಹೊಸದಾದರೂ ಅದೇ ಎರಡು ಆಯಾಮದ ಚಿತ್ರಗಳನ್ನೂ ಅದೇ ನಿಯಮಗಳನ್ನೂ ಉಳಿಸಿಕೊಂಡಿದೆ. ಹೀಗಾಗಿ ಯಾವುದರಲ್ಲಿ ಕಲಿತರೂ ಕಲಿತದ್ದು ಉಳಿದವುಗಳಲ್ಲಿ ಬಹುಮಟ್ಟಿಗೆ ಉಪಯೋಗಕ್ಕೆ ಬರುತ್ತದೆ. ಮೂಲ ಪಿಸಿ ಎಂಜಿನ್ ಯಂತ್ರವೇ ಕೈಗೆ ಸಿಕ್ಕಿದವರು ಒಂದು ಮಾತು ನೆನಪಿಡಬೇಕು: ಅದರಲ್ಲಿ ಕಂಟ್ರೋಲರ್ ಚುಚ್ಚಲು ಒಂದೇ ಕಿಂಡಿ ಇರುವುದರಿಂದ, ಗೆಳೆಯರೊಬ್ಬರೊಡನೆ ಆಡಬೇಕಾದರೂ ಹಲವು ಕಂಟ್ರೋಲರ್‌ಗಳನ್ನು ಜೋಡಿಸುವ ಮಲ್ಟಿಟ್ಯಾಪ್ ಎಂಬ ಸಾಧನವನ್ನು ಬೇರೆಯಾಗಿ ಹೊಂದಿಸಿಕೊಳ್ಳಬೇಕಾಗುತ್ತದೆ.

ಆರಂಭಿಸುವ ಮೊದಲು ಗುಂಡಿಗಳ ಹಂಚಿಕೆಯನ್ನು ನೋಡಿಕೊಳ್ಳಿ. ಸಣ್ಣ ಪಟ್ಟು, ಮಧ್ಯಮ ಪಟ್ಟು, ದೊಡ್ಡ ಪಟ್ಟು ಮತ್ತು ಓಟ ಎಂಬ ನಾಲ್ಕು ಕೆಲಸಗಳು ಮುಖ್ಯ. ಪ್ಲೇಸ್ಟೇಷನ್ ಕಂಟ್ರೋಲರಿನಲ್ಲಿ ಇವು ಅನುಕ್ರಮವಾಗಿ ಚೌಕ, ಗುಣಾಕಾರ, ವೃತ್ತ ಮತ್ತು ತ್ರಿಕೋನದ ಗುಂಡಿಗಳಲ್ಲಿವೆ. ಇವುಗಳ ಜೊತೆಗೆ ಉಸಿರು ತೆಗೆದುಕೊಳ್ಳಲೆಂದೇ ಒಂದು ಗುಂಡಿಯಿದೆ. ಹೊಸಬರು ಅದನ್ನು ಮರೆತೇಬಿಡುತ್ತಾರೆ; ಪಂದ್ಯದ ಅರ್ಧಭಾಗ ದಾಟಿದ ಮೇಲೆ ಅದರ ಬೆಲೆ ತಿಳಿಯುತ್ತದೆ.

ಪಂದ್ಯವನ್ನು ಹೊಂದಿಸುವಾಗ ಕಂಪ್ಯೂಟರ್ ಎದುರಾಳಿಗಳ ಮಟ್ಟವನ್ನು ಕೆಳಗಿಡಿ ಮತ್ತು 30 ನಿಮಿಷಗಳ ಮಿತಿ ಕೊಡಿ. ನಾಲ್ವರೂ ಏಕಕಾಲಕ್ಕೆ ಕಾದಾಡುವ ಟಾರ್ನೆಡೊ ಎಂಬ ಆಯ್ಕೆ ಇದ್ದರೆ ಅದನ್ನು ಮುಚ್ಚಿಡಿ, ಏಕೆಂದರೆ ಅದರಲ್ಲಿ ಕೈ ಬದಲಿಸುವ ಪ್ರಶ್ನೆಯೇ ಇರುವುದಿಲ್ಲ, ನಾವು ಕಲಿಯಬೇಕಾದದ್ದು ಅದನ್ನೇ.

ಹಿಡಿತದ ಕ್ಷಣ

ಆಟ ಶುರುವಾದಾಗ ಮೊದಲು ಕಣ್ಣಿಗೆ ಬೀಳುವುದು ರಿಂಗ್. ಅದನ್ನು ಓರೆಯಾಗಿ, ವಜ್ರದ ಆಕಾರದಲ್ಲಿ ಚಿತ್ರಿಸಲಾಗಿದೆ. ಹೀಗಾಗಿ ಎದುರಾಳಿಯ ಪಕ್ಕದಲ್ಲೇ ನಿಂತಂತೆ ಕಂಡರೂ ನೀವು ಅವನಿಗಿಂತ ಒಂದು ಗೆರೆ ಮೇಲೆಯೋ ಕೆಳಗೆಯೋ ಇರಬಹುದು. ಆಗ ಹೊಡೆತ ಗಾಳಿಗೆ ಹೋಗುತ್ತದೆ. ಅವನ ಪಾದ ಮತ್ತು ನಿಮ್ಮ ಪಾದ ಒಂದೇ ಸಾಲಿನಲ್ಲಿ ಇವೆಯೇ ಎಂದು ನೋಡುವ ಅಭ್ಯಾಸವನ್ನು ಮೊದಲ ದಿನವೇ ಬೆಳೆಸಿಕೊಳ್ಳಬೇಕು.

ಒಂದೇ ಸಾಲಿನಲ್ಲಿ ಎದುರಾಳಿಯತ್ತ ನಡೆದರೆ ಇಬ್ಬರೂ ತಾವಾಗಿಯೇ ಹಿಡಿತಕ್ಕೆ ಬೀಳುತ್ತಾರೆ. ಇಲ್ಲಿ ಯಾವ ಗುಂಡಿಯೂ ಬೇಡ. ಕೈಗಳು ಬೆಸೆದು, ಮೊಣಕಾಲು ಬಾಗಿ, ಪಾದ ನೆಲಕ್ಕೆ ಊರಿದ ಕ್ಷಣದಲ್ಲಿ ದಿಕ್ಕಿನ ಜೊತೆಗೆ ಪಟ್ಟಿನ ಗುಂಡಿಯನ್ನು ಒಮ್ಮೆ, ಒಮ್ಮೆ ಮಾತ್ರ ಒತ್ತಬೇಕು. ಅದಕ್ಕಿಂತ ಮೊದಲೇ ಒತ್ತಿದರೆ ಪಟ್ಟು ಎದುರಾಳಿಯ ಪಾಲಾಗುತ್ತದೆ; ತಡವಾದರೂ ಅದೇ ಗತಿ. ಗಾಬರಿಯಿಂದ ಗುಂಡಿಯನ್ನು ಪಟಪಟನೆ ಬಡಿಯುವವರು ಪ್ರತಿ ಬಾರಿಯೂ ಮೊದಲೇ ಒತ್ತಿದಂತಾಗಿ ನೆಲಕ್ಕೆ ಉರುಳುತ್ತಾರೆ. ಈ ಕ್ಷಣವನ್ನು ನಾನು ಕಲಿತದ್ದು ಕಿವಿಯ ಸಹಾಯದಿಂದ: ಹಿಡಿತ ಬೀಳುವಾಗ ಪಾದದ ಸಪ್ಪಳವೊಂದು ಕೇಳಿಸುತ್ತದೆ, ಅದನ್ನೇ ತಾಳವಾಗಿ ಹಿಡಿದರೆ ಕಣ್ಣು ತಪ್ಪಿದರೂ ಬೆರಳು ತಪ್ಪುವುದಿಲ್ಲ. ಒಂದು ಸಂಜೆಯನ್ನು ಇದಕ್ಕೇ ಮೀಸಲಿಟ್ಟು, ಗೆಲುವು ಸೋಲಿನ ಚಿಂತೆ ಬಿಟ್ಟು, ಬರೀ ಸಣ್ಣ ಪಟ್ಟುಗಳನ್ನು ಹಾಕುತ್ತಾ ಕೂರುವಂತೆ ಹೊಸಬರಿಗೆಲ್ಲ ನಾನು ಹೇಳುತ್ತೇನೆ.

ಪಟ್ಟುಗಳಿಗೆ ಕ್ರಮವಿದೆ. ಮೊದಲ ನಿಮಿಷಗಳಲ್ಲಿ ಸಣ್ಣ ಪಟ್ಟುಗಳು ಮಾತ್ರ ಕೂಡುತ್ತವೆ. ಎದುರಾಳಿ ಒಂದಷ್ಟು ದಣಿದ ಮೇಲೆ ಮಧ್ಯಮ ಪಟ್ಟುಗಳು, ಅವನು ಏಳಲು ತಡಮಾಡತೊಡಗಿದ ಮೇಲೆ ದೊಡ್ಡವು. ಗಂಟೆ ಬಾರಿಸಿದ ಕೂಡಲೇ ದೊಡ್ಡ ಪಟ್ಟಿಗೆ ಕೈಹಾಕಿದರೆ ಅವನು ಅದನ್ನು ತಿರುಗಿಸಿ ನಿಮ್ಮನ್ನೇ ಕೆಡವುತ್ತಾನೆ.

ಇನ್ನು ಪರದೆಯ ಮೇಲೆ ಯಾರ ಶಕ್ತಿ ಎಷ್ಟು ಉಳಿದಿದೆ ಎಂದು ತೋರಿಸುವ ಪಟ್ಟಿ ಇಲ್ಲ. ಈ ಸರಣಿಯ ಬಗ್ಗೆ ನನಗೆ ಅತ್ಯಂತ ಪ್ರಿಯವಾದ ಸಂಗತಿ ಇದು. ಗರಡಿಯ ಅಂಚಿನಲ್ಲಿ ಕುಳಿತ ಹಿರಿಯರು ಜಟ್ಟಿಯ ಭುಜದ ಏರಿಳಿತ ನೋಡಿ ಅವನ ದಮ್ಮು ಅಳೆಯುವಂತೆ, ಇಲ್ಲಿಯೂ ಆಟಗಾರನು ದೇಹವನ್ನು ನೋಡಿಯೇ ಲೆಕ್ಕ ಹಾಕಬೇಕು. ಕೆಳಗೆ ಬಿದ್ದವನು ಎಷ್ಟು ಹೊತ್ತು ಮಲಗಿದ್ದ, ಎದ್ದವನು ತೂರಾಡಿದನೇ, ಪಟ್ಟು ಹಾಕಿದವನೇ ಮಂಡಿಯ ಮೇಲೆ ಕೈಯೂರಿ ಏದುಸಿರು ಬಿಟ್ಟನೇ ಎಂಬಿವೇ ನಿಮಗೆ ಸಿಗುವ ಸುಳಿವುಗಳು.

ಕೈ ಬದಲಿಸುವುದು

ಟ್ಯಾಗ್ ಮಾಡಲು ನಿಮ್ಮ ತಂಡದ ಮೂಲೆಗೆ ನಡೆದು, ಹಗ್ಗದಾಚೆ ನಿಂತ ಜೊತೆಗಾರನ ಹತ್ತಿರ ಗುಂಡಿ ಒತ್ತಿದರಾಯಿತು. ಇಬ್ಬರೂ ಕೈ ತಟ್ಟಿಕೊಂಡು ಜಾಗ ಬದಲಿಸುತ್ತಾರೆ. ಮಾಡುವ ವಿಧಾನ ಇಷ್ಟೇ. ಯಾವಾಗ ಮಾಡಬೇಕು ಎಂಬುದರಲ್ಲಿ ಇಡೀ ಪಂದ್ಯ ಅಡಗಿದೆ.

ಹೊರಗೆ ನಿಂತವನು ನಿಧಾನವಾಗಿ ಚೇತರಿಸಿಕೊಳ್ಳುತ್ತಾನೆ, ಒಳಗಿರುವವನು ಸವೆಯುತ್ತಾನೆ. ಹೊಸಬರು ತಮ್ಮ ಮಲ್ಲ ಗೆಲ್ಲುತ್ತಿರುವಾಗ ಅವನನ್ನು ಹೊರಗೆ ಕಳಿಸಲು ಮನಸ್ಸು ಮಾಡುವುದಿಲ್ಲ, ಸೋಲತೊಡಗಿದ ಮೇಲೆ ಮೂಲೆಯತ್ತ ತೆವಳುತ್ತಾರೆ. ಆ ಹೊತ್ತಿಗೆ ಎದುರಾಳಿ ದಾರಿಗೆ ಅಡ್ಡ ನಿಂತಿರುತ್ತಾನೆ. ಟ್ಯಾಗ್ ಮಾಡಲು ಸರಿಯಾದ ಹೊತ್ತು ನಿಮ್ಮವನು ಮೇಲುಗೈಯಲ್ಲಿರುವಾಗಲೇ ಬರುತ್ತದೆ. ಮಧ್ಯಮ ಪಟ್ಟೊಂದನ್ನು ಹಾಕಿ ಎದುರಾಳಿಯನ್ನು ಕೆಡವಿ, ಅವನು ಏಳುವ ಮೊದಲು ಮೂಲೆಗೆ ನಡೆದು ಕೈ ತಟ್ಟಿದರೆ, ದಣಿದ ಎದುರಾಳಿಯ ಮುಂದೆ ತಾಜಾ ಕಾಲುಗಳ ಮಲ್ಲ ಬಂದು ನಿಲ್ಲುತ್ತಾನೆ. ಹೀಗೆ ನಾಲ್ಕೈದು ಬಾರಿ ಮಾಡಿದರೆ ಪಂದ್ಯದ ತೂಕ ನಿಮ್ಮ ಕಡೆಗೆ ವಾಲಿರುತ್ತದೆ.

ಇದರ ಇನ್ನೊಂದು ಮುಖವೂ ಇದೆ. ಎದುರಾಳಿಯು ತನ್ನ ಮೂಲೆ ಸೇರದಂತೆ ತಡೆಯುವುದು ನಿಮ್ಮ ಕೆಲಸ. ಅವನನ್ನು ಸದಾ ನಿಮ್ಮ ಮೂಲೆಯ ಕಡೆಗೇ ಕೆಡವುವ ದಿಕ್ಕಿನಲ್ಲಿ ನಿಂತು ಹಿಡಿತಕ್ಕೆ ಇಳಿಯಿರಿ. ಆಗ ನಿಮಗೆ ಟ್ಯಾಗ್ ಹತ್ತಿರವಾಗುತ್ತದೆ, ಅವನಿಗೆ ದೂರವಾಗುತ್ತದೆ.

ನಂತರದ ಆವೃತ್ತಿಗಳಲ್ಲಿ ಕುತ್ತಿಗೆ, ತೋಳು, ಸೊಂಟ, ಕಾಲು ಎಂಬ ನಾಲ್ಕು ಭಾಗಗಳ ನೋವನ್ನು ಆಟ ಬೇರೆಬೇರೆಯಾಗಿ ಲೆಕ್ಕವಿಡುತ್ತದೆ. ಜೋಡಿ ಕುಸ್ತಿಯಲ್ಲಿ ಇದರ ಮಹತ್ವ ಇಮ್ಮಡಿ. ನಿಮ್ಮ ಎರಡನೆಯ ಮಲ್ಲನ ಕೊನೆಯ ಅಸ್ತ್ರ ಕಾಲಿನ ಬೀಗವಾಗಿದ್ದರೆ (ಬೀಗವೆಂದರೆ ಅಂಗವನ್ನು ತಿರುಚಿ ಹಿಡಿದು ಸೋಲೊಪ್ಪಿಸುವ ಪಟ್ಟು), ಮೊದಲನೆಯವನು ಆರಂಭದಿಂದಲೂ ಕಾಲಿಗೇ ಪೆಟ್ಟು ಕೊಡುತ್ತಿರಬೇಕು. ಒಬ್ಬನು ಕುತ್ತಿಗೆಗೆ, ಇನ್ನೊಬ್ಬನು ಕಾಲಿಗೆ ಎಂದು ಹಂಚಿ ಹೊಡೆದರೆ ಇಬ್ಬರ ಶ್ರಮವೂ ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ಜೋಡಿಯನ್ನು ಆರಿಸುವಾಗ ಹೆಸರು ನೋಡದೆ ಪಟ್ಟುಗಳ ಪಟ್ಟಿಯನ್ನು ನೋಡಿ. ಅಂದಹಾಗೆ, ಹಳೆಯ ಆಟಗಳಲ್ಲಿ ನಿಜವಾದ ಮಲ್ಲರ ಹೆಸರನ್ನು ಬಳಸುವ ಪರವಾನಗಿ ಇರಲಿಲ್ಲ. ರೂಪ, ಪಟ್ಟು ಎಲ್ಲವೂ ಅವರದೇ ಆಗಿದ್ದು ಹೆಸರು ಮಾತ್ರ ಬೇರೆಯಾಗಿರುತ್ತಿತ್ತು.

ನಾಲ್ವರೂ ರಿಂಗಿನಲ್ಲಿದ್ದಾಗ

ಏಕಾಂಗಿ ಪಂದ್ಯದಲ್ಲಿ ಎದುರಾಳಿಯನ್ನು ಮೂರು ಎಣಿಕೆಯವರೆಗೆ ಅದುಮಿ ಹಿಡಿದರೆ, ಅಂದರೆ ಪಿನ್ ಮಾಡಿದರೆ, ಮುಗಿಯಿತು. ಇಲ್ಲಿ ಹಾಗಲ್ಲ. ರೆಫರಿ ಎರಡು ಎಣಿಸುವಷ್ಟರಲ್ಲಿ ಎದುರಾಳಿಯ ಜೊತೆಗಾರ ಹಗ್ಗದ ನಡುವೆ ನುಸುಳಿ ಬಂದು, ನಿಮ್ಮ ಬೆನ್ನಿಗೆ ಒದ್ದು ಬಿಡಿಸಿಬಿಡುತ್ತಾನೆ. ಬೀಗ ಹಾಕಿದಾಗಲೂ ಇದೇ ಆಗುತ್ತದೆ. ಪಂದ್ಯದ ಕೊನೆಯ ಭಾಗದಲ್ಲಿ ನೀವು ಸೋಲಿಸಬೇಕಾದದ್ದು ಒಳಗಿರುವವನನ್ನು ಎಷ್ಟೋ ಅಷ್ಟೇ ಹೊರಗಿರುವವನನ್ನೂ ಸಹ.

ಇದಕ್ಕೆ ಮೂರು ಉಪಾಯಗಳಿವೆ. ಅವನ ಮೂಲೆಯಿಂದ ಆದಷ್ಟು ದೂರದಲ್ಲಿ ಪಿನ್ ಮಾಡುವುದು ಅತ್ಯಂತ ಸುಲಭವಾದದ್ದು. ಓಡಿ ಬರಲು ಬೇಕಾಗುವ ಸಮಯವೇ ನಿಮ್ಮ ಮೂರನೆಯ ಎಣಿಕೆ. ಅವನು ಒಮ್ಮೆ ಒಳಗೆ ಬಂದಾಗ ಸುಮ್ಮನೆ ಬಿಡದೆ, ಅವನಿಗೂ ಒಂದು ಭಾರಿ ಪಟ್ಟು ಹಾಕಿ ಮಲಗಿಸಿ, ಆಮೇಲೆ ಮುಖ್ಯ ಎದುರಾಳಿಯತ್ತ ತಿರುಗುವುದು ಎರಡನೆಯದು. ಮೂರನೆಯದು ನಿಮ್ಮ ಜೊತೆಗಾರನನ್ನೇ ಕಾವಲಿಗೆ ಒಳಗೆ ತರುವುದು. ಜೊತೆಗಾರನು ಕಂಪ್ಯೂಟರ್ ಆಗಿದ್ದರೆ ಅವನು ತನಗೆ ತೋಚಿದಾಗ ಬರುತ್ತಾನೆ. ಪಕ್ಕದಲ್ಲಿ ಕುಳಿತ ಗೆಳೆಯನಾಗಿದ್ದರೆ ನಿಮ್ಮ ಒಂದು ಕೂಗು ಸಾಕು, ಮತ್ತು ಈ ಆಟದ ನಿಜವಾದ ಸಂತೋಷ ಇರುವುದೇ ಆ ಕೂಗಿನಲ್ಲಿ.

ಇಬ್ಬರೂ ಒಳಗಿರುವಾಗ, ತೂರಾಡುತ್ತಿರುವ ಒಬ್ಬನೇ ಎದುರಾಳಿಯನ್ನು ಏಕಕಾಲಕ್ಕೆ ಹಿಡಿದರೆ ಜಂಟಿ ಪಟ್ಟು ಹಾಕಲು ಅವಕಾಶವಾಗುತ್ತದೆ. ನೋಡಲು ಬಹಳ ಚೆಂದ, ಪೆಟ್ಟೂ ದೊಡ್ಡದು. ಆದರೆ ಎಚ್ಚರ ಬೇಕು: ಗುರಿ ತಪ್ಪಿದ ಏಟು ಜೊತೆಗಾರನಿಗೇ ತಗುಲಬಹುದು. ಇಬ್ಬರೂ ಎದುರುಬದುರಾಗಿ ಓಡಿ ಬರುವ ಆತುರವನ್ನು ಬಿಟ್ಟು, ಒಬ್ಬನು ನಿಂತು ಇನ್ನೊಬ್ಬನು ಚಲಿಸುವಂತೆ ಮೊದಲೇ ಮಾತನಾಡಿಕೊಂಡಿರಬೇಕು.

ನಿಯಮಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಹಗ್ಗ ಕೈಗೆ ಸಿಕ್ಕರೆ ಬೀಗ ಬಿಡಬೇಕು, ಆದ್ದರಿಂದ ಬೀಗಗಳನ್ನು ರಿಂಗಿನ ನಡುವಿಗೆ ಉಳಿಸಿಕೊಳ್ಳಿ. ಜಪಾನಿನ ರೂಢಿಯಂತೆ, ರಿಂಗಿನ ಹೊರಗೆ ಹೋದವನು ಮರಳಲೆಂದು ರೆಫರಿ ಹಾಕುವ ಎಣಿಕೆ 20ರವರೆಗೆ ಸಾಗುತ್ತದೆ. ಅಪರೂಪಕ್ಕೊಮ್ಮೆ ದೊಡ್ಡ ಪಟ್ಟೊಂದು ಬಿದ್ದಾಗ ಪರದೆಯ ಮೇಲೆ ‘ಕ್ರಿಟಿಕಲ್’ ಎಂಬ ಪದ ಮೂಡಿ ಪಂದ್ಯ ಅಲ್ಲಿಗೇ ಮುಗಿಯುವುದುಂಟು. ಅದನ್ನು ಬೇಕೆಂದಾಗ ತರಿಸಲು ಬರುವುದಿಲ್ಲ, ಹಾಗಾಗಿ ಅದನ್ನು ನೆಚ್ಚಿ ಆಡಬೇಡಿ.

ಉಸಿರಿನ ಗುಂಡಿಯನ್ನು ನೆನಪಿಸಿಕೊಳ್ಳಬೇಕಾದದ್ದು ಈಗ. ಎದುರಾಳಿ ನೆಲದ ಮೇಲಿರುವಾಗ ಅವನನ್ನು ಎಬ್ಬಿಸಲು ಧಾವಿಸದೆ, ಎರಡು ಹೆಜ್ಜೆ ಹಿಂದೆ ಸರಿದು ಉಸಿರು ತೆಗೆದುಕೊಳ್ಳಿ. ನಿಮ್ಮ ಮಲ್ಲ ಏದುಸಿರು ಬಿಡುತ್ತಾ ನಿಂತಲ್ಲೇ ನಿಂತರೆ, ಹೊರಗಿನಿಂದ ಬಂದವನು ಅವನನ್ನು ಸುಲಭವಾಗಿ ಕೆಡವುತ್ತಾನೆ.

ಕಡಿಮೆ ಮಟ್ಟದ ಕಂಪ್ಯೂಟರ್ ಜೋಡಿಯನ್ನು ಸತತವಾಗಿ ಗೆಲ್ಲತೊಡಗಿದ ಮೇಲೆ ಮಟ್ಟವನ್ನು ಒಂದೊಂದಾಗಿ ಏರಿಸಿ, ಒಂದೇ ಜೋಡಿಯನ್ನು ಕನಿಷ್ಠ ಹತ್ತು ಪಂದ್ಯಗಳವರೆಗೆ ಬದಲಿಸದೆ ಇಟ್ಟುಕೊಳ್ಳಿ. ಆಮೇಲೆ ಸಾಧ್ಯವಾದರೆ ಮೂವರು ಗೆಳೆಯರನ್ನು ಮನೆಗೆ ಕರೆದು, ನಾಲ್ಕು ಕಂಟ್ರೋಲರ್‌ಗಳನ್ನು ಚುಚ್ಚಿ, 60 ನಿಮಿಷಗಳ ಮಿತಿಯಿಟ್ಟು ಒಂದು ಪಂದ್ಯ ಆಡಿ. ನಲವತ್ತನೆಯ ನಿಮಿಷದಲ್ಲಿ ನಾಲ್ಕೂ ಮಲ್ಲರು ತೂರಾಡುತ್ತಿರುವಾಗ, ನಿಮ್ಮ ಗೆಳೆಯ ಹಗ್ಗದಾಚೆಯಿಂದ ಕೈ ಚಾಚಿ ನಿಂತಿರುತ್ತಾನೆ, ಮೂಲೆ ಇನ್ನೂ ನಾಲ್ಕು ಹೆಜ್ಜೆ ದೂರವಿರುತ್ತದೆ.